ಕುದುರೆ ಬಂದ ದಾರೀಲಿ ಹತ್ತು ದಿನ

ಸತ್ತ ಕುದುರೆಗೂ ದುಡ್ಡು ಕೊಟ್ಟ ರಾಜ ಒಬ್ಬನಿದ್ದ. ಅಜ್ಜಿ ಕತೆಯಲ್ಲಲ್ಲ, ವಿಜಯನಗರದಲ್ಲೇ. 1530ರ ದಶಕದಲ್ಲಿ ಅಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫರ್ನಾವೊ ನೂನಿಜ್ ಇದನ್ನ ಬರೆದಿಟ್ಟಿದ್ದಾನೆ. ಅವನಿಗಿಂತ ಅರ್ಧ ಶತಮಾನ ಹಿಂದೆ ಆಳಿದ ಸಾಳುವ ನರಸಿಂಹ ಹೊರ್ಮುಜ್ ಮತ್ತು ಏಡನ್‌ನಿಂದ ಕುದುರೆ ತರಿಸುತ್ತಿದ್ದನಂತೆ. ಮೂರು ಕುದುರೆಗೆ 1000 ಪರ್ದಾವು, ಅಂದ್ರೆ ಚಿನ್ನದ ನಾಣ್ಯ. ಬದುಕಿದ್ರೂ ಅದೇ ರೇಟು, ಸತ್ರೂ ಅದೇ ರೇಟು. ಸಮುದ್ರದ ಮೇಲೆ ಸತ್ತ ಕುದುರೆಯ ಬಾಲ ತಂದು ತೋರಿಸಿದ್ರೆ ಸಾಕು, ಪೂರ್ತಿ ಬೆಲೆ ಎಣಿಸಿ ಕೊಡುತ್ತಿದ್ದ. ಇಷ್ಟು ಉದಾರವಾದ ಕಾಂಟ್ರ್ಯಾಕ್ಟನ್ನ ನಾನು ಹನ್ನೆರಡು ವರ್ಷದ ಸಾಫ್ಟ್‌ವೇರ್ ಕೆಲಸದಲ್ಲಿ ಯಾವ ಕ್ಲೈಂಟ್ ಹತ್ರಾನೂ ನೋಡಿಲ್ಲ.

ನಾನು ನೂನಿಜ್‌ನ ಓದಿದ್ದು ಇತಿಹಾಸದ ಹುಚ್ಚಿಗಲ್ಲ, ಟೂರ್ ಪ್ಲಾನ್ ಮಾಡೋಕೆ ಕೂತಾಗ. ಅಪ್ಪ, ಅವ್ವ, ಹೆಂಡತಿ, ನಾಲ್ಕನೇ ಕ್ಲಾಸಿನ ಮಗಳು, ನಾನು. ದುಬೈ ಎರಡು ದಿನ, ಆಮೇಲೆ ಒಮಾನ್: ಮಸ್ಕತ್, ಕರಾವಳಿ ಹಿಡಿದು ಸೂರ್, ಅಲ್ಲಿಂದ ಮರಳುಗಾಡಲ್ಲಿ ಒಂದು ರಾತ್ರಿ, ಕೊನೆಗೆ ನಿಜ್ವಾ. ಹರಿಹರ ತಾಲ್ಲೂಕಿನ ನಮ್ಮೂರಿಗೆ ಹೋಗಿ ಎಕ್ಸೆಲ್ ಶೀಟ್ ತೋರಿಸಿದೆ. ಅವ್ವ ಅಂದಿದ್ದು ಒಂದೇ ಮಾತು: “ಉಸುಕು ನೋಡಾಕೆ ಅಷ್ಟು ದೂರ ಹೋಗ್ಬೇಕೇನಪ್ಪ? ನಮ್ ಹೊಳ್ಯಾಗೇ ಐತಲ್ಲ.” ತುಂಗಭದ್ರೇಲಿ ಈಗ ಉಸುಕು ಎಷ್ಟು ಉಳಿದಿದೆ ಅನ್ನೋದು ಬೇರೆ ವಿಷಯ ಬಿಡಿ. ಆದ್ರೂ ಅವ್ವನಿಗೆ ಒಂದು ಉತ್ತರ ಬೇಕಿತ್ತು. ಹುಡುಕ್ತಾ ಹೋದಾಗ ಸೂರ್ ಹತ್ರದ ಕಲ್ಹಾತ್ ಸಿಕ್ತು.

ಕಲ್ಹಾತ್ ಈಗ ಒಂದು ಹಾಳೂರು. ಬೀಬಿ ಮರಿಯಮ್ ಅನ್ನೋ ಹೆಣ್ಣುಮಗಳ ಗೋರಿ ಒಂದು ನಿಂತಿದೆ, ಉಳಿದಿದ್ದೆಲ್ಲ ಕಲ್ಲುರಾಶಿ. 2018ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಆದರೆ 13ನೇ ಶತಮಾನದಲ್ಲಿ ಅದು ಹೊರ್ಮುಜ್ ರಾಜ್ಯದ ಎರಡನೇ ದೊಡ್ಡ ಪಟ್ಟಣ. ಅಲ್ಲಿಂದ ಹಡಗು ಹಡಗು ಕುದುರೆ ಇಂಡಿಯಾಕ್ಕೆ ಹೋಗ್ತವೆ ಅಂತ ಮಾರ್ಕೊ ಪೋಲೊ ಬರೆದಿದ್ದಾನೆ. ನಮ್ಮ ಹರಿಹರದ ಹರಿಹರೇಶ್ವರ ಗುಡೀನ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು 1224ರಲ್ಲಿ. ಅದೇ ಶತಮಾನ. ಪೋಲಾಳ್ವ ಹತ್ತಿದ ಕುದುರೆ ಎಲ್ಲಿಂದ ಬಂದಿತ್ತೋ ಹೇಳೋಕಾಗಲ್ಲ, ಆದ್ರೆ ಆ ಕಾಲದ ದಂಡನಾಯಕನಿಗೆ ಒಳ್ಳೇ ಕುದುರೆ ಬೇಕು ಅಂದ್ರೆ ಕಣ್ಣು ಹೋಗ್ತಿದ್ದಿದ್ದು ಪಶ್ಚಿಮದ ಸಮುದ್ರದ ಕಡೆಗೇ.

ಯಾಕೆ ಅಂತೀರಾ? ನಮ್ಮ ನೆಲದಲ್ಲಿ ಕುದುರೆ ಇರಲಿಲ್ಲ ಅಂತಲ್ಲ. ಇದ್ದಿದ್ದು ತಟ್ಟು. ಸಂತೆಗೆ ಹೇರು ಹೊರೋಕೆ ಸೈ, ಕವಚ ತೊಟ್ಟ ಸವಾರನ್ನ ಹೊತ್ತು ಯುದ್ಧದಲ್ಲಿ ನುಗ್ಗೋಕೆ ಆಗದು. ಅರಬ್ಬಿ ಕುದುರೆ ತಂದು ಸಾಕಿದ್ರೆ ನಮ್ಮ ಮಳೆ, ಸೆಕೆ, ಮೇವಿಗೆ ಅದು ಬಾಳುತ್ತಿರಲಿಲ್ಲ. ಹಾಗಾಗಿ ಪ್ರತಿ ವರ್ಷ ಹೊಸದು ಬೇಕು. ಈಗಿನ ಭಾಷೆಯಲ್ಲಿ ಹೇಳೋದಾದ್ರೆ, ಒಂದ್ಸಲ ಕೊಂಡು ಮುಗಿಸೋ ಸಾಮಾನಲ್ಲ, ಸಬ್‌ಸ್ಕ್ರಿಪ್ಷನ್. ನಮ್ಮ ಕಡೆ ಊರ ಬಾಗಿಲಲ್ಲಿ ವೀರಗಲ್ಲು ಇರ್ತಾವಲ್ಲ, ಅದರಲ್ಲಿ ಕುದುರೆ ಮೇಲೆ ಕೂತ ವೀರ ಕಂಡ್ರೆ ಇನ್ಮೇಲೆ ವೀರನ ಜೊತೆ ಕುದುರೇನೂ ಒಂದ್ಸಲ ನೋಡಿ. ಕನ್ನಡದಲ್ಲಿ ಒಳ್ಳೇ ಕುದುರೆಗೆ ‘ತೇಜಿ’ ಅನ್ನೋ ಪದ ಇದೆ. ತೇಜಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಪಾರಸಿಯ ‘ತಾಜಿ’, ಅಂದ್ರೆ ಅರಬ್ಬಿ, ಅದೇ ನಮ್ಮ ಬಾಯಲ್ಲಿ ತೇಜಿ ಆಯ್ತು. ಹಾಗೆ ನೋಡಿದ್ರೆ ಈ ಟೂರಿಗೆ ನಾನು ಹಾಕ್ತಿರೋ ‘ರಜಾ’ ಕೂಡ ಅರಬ್ಬಿ ಮೂಲದ್ದೇ. ಅಪ್ಪನ ಪಾಸ್‌ಪೋರ್ಟಿನ ವಿಳಾಸದಲ್ಲಿರೋ ತಾಲ್ಲೂಕು, ಜಿಲ್ಲೆ ಎರಡೂ ಅಷ್ಟೇ.

ಇನ್ನು ತಾರೀಖು (ಇದೂ ಅರಬ್ಬಿಯೇ!). ಮಗಳ ರಜೆ ಶುರುವಾಗೋದು ಏಪ್ರಿಲ್ ಎರಡನೇ ವಾರ. ಅಷ್ಟೊತ್ತಿಗೆ ಅಲ್ಲಿ ಬಿಸಿಲು ಹೇಗಿರುತ್ತೆ ಅಂತ ಹುಡುಕಿದ್ರೆ ಸಿಕ್ಕ ಸಾಕ್ಷಿ ಅಬ್ದುರ್ ರಜಾಕ್. ಹೆರಾತಿನ ಸುಲ್ತಾನ ಶಾರುಖ್ ಕಳಿಸಿದ ರಾಯಭಾರಿ. 1442ರ ಜನವರಿಯಲ್ಲಿ ಹೆರಾತ್ ಬಿಟ್ಟವನು ಹೊರ್ಮುಜ್‌ನಲ್ಲಿ ತಡವಾಗಿ, ಗಾಳಿಯ ಕಾಲ ತಪ್ಪಿ, ಮಸ್ಕತ್ ಸುತ್ತಮುತ್ತ ಬೇಸಿಗೆಯಿಡೀ ಸಿಕ್ಕಿಹಾಕಿಕೊಂಡ. ಜ್ವರ ಹಿಡಿದು ಮಲಗಿದ. ಅಲ್ಲಿನ ಬಿಸಿಲಿಗೆ ಒರೆಯೊಳಗಿನ ಕತ್ತಿ ಮೇಣದ ಹಾಗೆ ಕರಗಿತು, ಮರಳುಗಾಡಲ್ಲಿ ಜಿಂಕೆಗಳು ಓಡಾಡ್ತಾ ಓಡಾಡ್ತಾನೇ ಸುಟ್ಟು ಬೆಂದಿದ್ದವು, ಬೇಟೆ ಸಲೀಸಾಯ್ತು ಅನ್ನೋ ಅರ್ಥದಲ್ಲಿ ಬರೀತಾನೆ. ಪಾರಸಿ ಬರಹಗಾರರ ಉತ್ಪ್ರೇಕ್ಷೆ ಇರಲಿ, ಓದಿದ ಕೂಡಲೇ ನಾನು ಟೂರನ್ನ ಮಾರ್ಚ್ ಕೊನೆಗೆ ಎಳೆದೆ. ಮಗಳಿಗೆ ಸ್ಕೂಲು ನಾಲ್ಕು ದಿನ ತಪ್ಪಿದ್ರೂ ಪರವಾಗಿಲ್ಲ.

ಕೊನೆಗೂ ಗಾಳಿ ತಿರುಗಿದ ಮೇಲೆ ರಜಾಕ್ ಕಲ್ಹಾತ್‌ನಿಂದ ಹಡಗು ಹತ್ತಿ, 18 ದಿನಕ್ಕೆ ಕಲ್ಲಿಕೋಟೆ ಮುಟ್ಟಿ, ಅಲ್ಲಿಂದ ಮಂಗಳೂರು, ಘಟ್ಟ ಹತ್ತಿ 1443ರ ಏಪ್ರಿಲ್‌ನಲ್ಲಿ ಇಮ್ಮಡಿ ದೇವರಾಯನ ವಿಜಯನಗರಕ್ಕೆ ಬಂದ. ಮಹಾನವಮಿ ನೋಡಿದ. ವಾಪಸ್ ಹೋಗಿದ್ದು ಹೊನ್ನಾವರದಿಂದ, 1444ರ ಜನವರಿಯಲ್ಲಿ. ಹೊರ್ಮುಜ್ ತಲುಪಿದಾಗ ಏಪ್ರಿಲ್. ನಮಗೆ ಬೆಂಗಳೂರಿಂದ ಮಸ್ಕತ್‌ಗೆ ಮೂರೂವರೆ ತಾಸು.

ಅದೇ ಹೊನ್ನಾವರಕ್ಕೆ ರಜಾಕ್‌ಗಿಂತ ನೂರು ವರ್ಷ ಮೊದಲು, 1342ರ ಆಸುಪಾಸಲ್ಲಿ, ಮೊರಾಕೊದ ಇಬ್ನ್ ಬತೂತಾ ಬಂದಿದ್ದ. ಊರಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆ ಇದ್ದವು ಅಂತ ಲೆಕ್ಕ ಕೊಡ್ತಾನೆ. ಊಟದ ವರ್ಣನೆ ಇನ್ನೂ ಚೆನ್ನಾಗಿದೆ: ಅನ್ನ, ಮೇಲೆ ತುಪ್ಪ, ಮೆಣಸು ಶುಂಠಿ ನಿಂಬೆ ಮಾವಿನ ಉಪ್ಪಿನಕಾಯಿ, ಸಾಲಾಗಿ ಪಲ್ಯಗಳು, ಕೊನೆಗೆ ಮೊಸರು. ಏಳು ಶತಮಾನ ಆದ್ರೂ ಎಲೆ ಮೇಲಿನ ಕ್ರಮ ಬದಲಾಗಿಲ್ಲ ನೋಡಿ. ಆದ್ರೆ ಪಾಪ, ಅವನಿಗೆ ರೊಟ್ಟಿ ಬೇಕಿತ್ತು. ಹನ್ನೊಂದು ತಿಂಗಳು ಬರೀ ಅನ್ನ ತಿಂದು, ಆಮೇಲೆ ಮಾಲ್ಡೀವ್ಸ್ ಕಡೆ ವರ್ಷಗಟ್ಟಲೆ ಅದನ್ನೇ ತಿಂದು, ನೀರು ಕುಡಿದು ನುಂಗಬೇಕಾದ ಸ್ಥಿತಿ ಬಂತಂತೆ. ಇದನ್ನ ಅವ್ವನಿಗೆ ಹೇಳಿದೆ. ಅವ್ವ ಮರುದಿನವೇ ಖಡಕ್ ರೊಟ್ಟಿ ತಟ್ಟೋಕೆ ಜೋಳ ಬೀಸಿಸಿಕೊಂಡು ಬಂದಳು. ಟೂರಿಗೆ ಒಪ್ಪಿಗೆ ಅಂತ ಅದರಿಂದಲೇ ಗೊತ್ತಾಗಿದ್ದು.

ಅಪ್ಪ ಅಷ್ಟು ಸುಲಭಕ್ಕೆ ಒಪ್ಪೋ ಮನುಷ್ಯ ಅಲ್ಲ. ಬಾಲದ ಕತೆ ಹೇಳಿದಾಗ ಅವ್ವ, ಮಗಳು ನಕ್ಕರು. ಅಪ್ಪ ನಗಲಿಲ್ಲ. “ಸತ್ತ ಕುದ್ರೆ ದುಡ್ಡು ಯಾರ ತಲೆ ಮೇಲೆ ಬಿತ್ತು?” ಅಂದ್ರು.

ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಉತ್ತರ ನೂನಿಜ್ ಪುಸ್ತಕದಲ್ಲೇ ಇತ್ತು. ನೆಲವೆಲ್ಲ ರಾಜನದು, ಅವನು ನಾಯಕರಿಗೆ ಕೊಡ್ತಾನೆ, ಉಳುವವನು ಬೆಳೆದದ್ದರಲ್ಲಿ 10ಕ್ಕೆ 9 ಪಾಲು ನಾಯಕನಿಗೆ ಕೊಡ್ತಾನೆ ಅನ್ನೋದು ಅವನ ಲೆಕ್ಕ. ಇದನ್ನ ಎಲ್ಲ ಇತಿಹಾಸಕಾರರೂ ಒಪ್ಪಲ್ಲ, 9 ಪಾಲು ಕೊಟ್ಟು ಯಾವ ರೈತನೂ ಬದುಕೋಕಾಗಲ್ಲ. ಆದ್ರೆ ದುಡ್ಡಿನ ದಿಕ್ಕು ಯಾವುದು ಅನ್ನೋದರಲ್ಲಿ ಅನುಮಾನ ಇಲ್ಲ. ರಾಜ ವರ್ಷಕ್ಕೆ 13,000 ಹೊರ್ಮುಜ್ ಕುದುರೆ ಕೊಳ್ಳುತ್ತಿದ್ದ, ಜೊತೆಗೆ ನಾಡ ಕುದುರೆ. ಒಳ್ಳೇದನ್ನ ತನ್ನ ಲಾಯಕ್ಕಿಟ್ಟುಕೊಂಡು, ಉಳಿದಿದ್ದನ್ನ ನಾಯಕರಿಗೆ ದುಡ್ಡಿಗೆ ಹಂಚಿ, ಆ ದುಡ್ಡಲ್ಲಿ ಮತ್ತೆ ಅರಬ್ಬಿ ಕುದುರೆ ಕೊಳ್ಳುತ್ತಿದ್ದ. ನಾಯಕರು ಎಲ್ಲಿಂದ ತರಬೇಕು? ಹೊಲದಿಂದ. ತುಂಗಭದ್ರೆಯ ಎರಡೂ ದಂಡೆಯ ಗದ್ದೆಯಿಂದ, ಘಟ್ಟದ ಮೆಣಸಿನ ಬಳ್ಳಿಯಿಂದ. ಹಂಪಿಯ ಗೋಡೆಗಳ ಮೇಲೆ ಸಾಲು ಸಾಲಾಗಿ ಹೋಗೋ ಕುದುರೆಗಳನ್ನ ಮುಟ್ಟಿ ಮುಟ್ಟಿ ಫೋಟೋ ತೆಗೆಸಿಕೊಳ್ತೀವಲ್ಲ, ಅದು ಒಂಥರಾ ಖರೀದಿ ಲೆಕ್ಕದ ಪುಸ್ತಕ ಕೂಡ.

ಇಷ್ಟು ದುಡ್ಡು ಸುರಿದ ಮೇಲೂ ಲಗಾಮು ಇದ್ದಿದ್ದು ಇನ್ನೊಬ್ಬರ ಕೈಯಲ್ಲಿ. ಕುದುರೆ ಇಳಿಯುತ್ತಿದ್ದ ಮುಖ್ಯ ಬಂದರುಗಳಲ್ಲಿ ಭಟ್ಕಳ ಒಂದು. ಅಲ್ಲಿನ ನವಾಯತರು ಇವತ್ತಿಗೂ ತಮ್ಮ ಮೂಲ ಅರಬ್ ವ್ಯಾಪಾರಿಗಳು ಅಂತಲೇ ಹೇಳ್ತಾರೆ. 15ನೇ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿನ ವರ್ತಕರು ಬಹಮನಿಗಳಿಗೂ ಕುದುರೆ ಮಾರಿದರು ಅನ್ನೋ ಸಿಟ್ಟಿಗೆ ವಿಜಯನಗರದ ರಾಜ ಅವರನ್ನ ಕೊಲ್ಲಿಸಿದ, ಉಳಿದವರು ಗೋವಾ ಕಡೆ ಓಡಿದರು ಅಂತ ಪೋರ್ಚುಗೀಸ್ ಇತಿಹಾಸಕಾರ ಬಾರೋಸ್ ಬರೆದಿದ್ದಾನೆ. ಅವನು ಕೊಡೋ ಸತ್ತವರ ಸಂಖ್ಯೆ ನಂಬೋದು ಕಷ್ಟ, ಹಾಗಾಗಿ ಬರೆಯೋದಿಲ್ಲ. ಆದ್ರೆ ವ್ಯಾಪಾರಿಯನ್ನ ಕೊಂದು ಕುದುರೆ ಗಿಟ್ಟಿಸೋಕಾಗಲ್ಲ ಅಂತ ಆಸ್ಥಾನದಲ್ಲಿ ಒಬ್ಬರಾದ್ರೂ ಹೇಳಿರಬೇಕು. ಆಮೇಲೆ ಪೋರ್ಚುಗೀಸರು ಬಂದರು. 1508ರಲ್ಲಿ ಅಲ್ಬುಕರ್ಕ್ ಕಲ್ಹಾತನ್ನ ಸುಟ್ಟ, 1510ರಲ್ಲಿ ಗೋವಾ ಹಿಡಿದ. ಕುದುರೆ ಎಲ್ಲ ಗೋವಾದಲ್ಲೇ ಇಳೀಬೇಕು ಅಂತಾಯ್ತು. 1547ರಲ್ಲಿ ವಿಜಯನಗರ ಒಪ್ಪಂದ ಮಾಡಿಕೊಂಡು, ಗೋವಾಕ್ಕೆ ಬರೋ ಕುದುರೆ ತನಗೊಬ್ಬನಿಗೇ ಸಿಗಬೇಕು ಅಂತ ಬರೆಸಿಕೊಳ್ಳಬೇಕಾಯ್ತು.

ಈಗ ದುಡ್ಡು ಹರಿಯೋದು ಆ ಕಡೆಯಿಂದ ಈ ಕಡೆಗೆ. ಹರಿಹರದ ಹೈಸ್ಕೂಲಲ್ಲಿ ನನ್ನ ಪಕ್ಕ ಕೂರ್ತಿದ್ದ ಗೆಳೆಯ ಮಸ್ಕತ್‌ನಲ್ಲಿ ಏಸಿ ಮೆಕ್ಯಾನಿಕ್. ಹನ್ನೊಂದು ವರ್ಷ ಆಯ್ತು. ಒಂದು ರಿಯಾಲ್‌ಗೆ 200 ರೂಪಾಯಿಗೂ ಮೇಲೆ. ವಿಚಿತ್ರ ಅಂದ್ರೆ ಅಲ್ಲೆಲ್ಲ ಒಂದು ಕಾಲಕ್ಕೆ ನಡೀತಿದ್ದಿದ್ದೇ ನಮ್ಮ ರೂಪಾಯಿ. 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿ ದೇಶಗಳಿಗಂತಲೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತ್ತು. 1966ರ ಜೂನ್‌ನಲ್ಲಿ ರೂಪಾಯಿ ಬೆಲೆ ಇಳಿಸಿದ ಮೇಲೆ ಒಬ್ಬೊಬ್ಬರಾಗಿ ಕೈಬಿಟ್ಟರು, ಒಮಾನ್ 1970ರವರೆಗೆ ಎಳೀತು.

ಗೆಳೆಯನ ಅಮ್ಮ ಅವನಿಗೆ ಕೊಡೋಕೆ ಅಂತ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ, ದಾವಣಗೆರೆ ಮಂಡಕ್ಕಿ, ಗಸಗಸೆ ಹಾಕಿದ ಉಂಡೆ ಕಟ್ಟಿಟ್ಟಿದ್ದಾರೆ. ಗಸಗಸೆ ದುಬೈ ಏರ್‌ಪೋರ್ಟಲ್ಲಿ ಸಿಕ್ಕಿದ್ರೆ ಜೈಲು ಅಂತ ಹೇಳಿ ಉಂಡೆ ವಾಪಸ್ ಕೊಟ್ಟೆ. ಹೀಗೆ ಗಂಟು ಕಳಿಸೋದೂ ಹಳೇದೇ. 1130-40ರ ದಶಕಗಳಲ್ಲಿ ಮಂಗಳೂರಲ್ಲಿದ್ದ ಅಬ್ರಹಾಂ ಬೆನ್ ಯಿಜು ಅನ್ನೋ ಯಹೂದಿ ವ್ಯಾಪಾರಿಗೂ ಏಡನ್‌ನ ಅವನ ಪಾಲುದಾರರಿಗೂ ನಡೆದ ಕಾಗದಗಳು ಕೈರೋದ ಸಿನಗಾಗ್ ಒಂದರಲ್ಲಿ ಉಳಿದಿದ್ದವು. ಇಲ್ಲಿಂದ ಕಬ್ಬಿಣ, ಮೆಣಸು, ಅಡಿಕೆ ಹೋಗ್ತಿತ್ತು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬರೆಯೋಕೆ ಕಾಗದ ಬರ್ತಿತ್ತು. ಅವನ ಪರವಾಗಿ ಏಡನ್‌ಗೆ ಓಡಾಡಿ ವ್ಯವಹಾರ ಮಾಡ್ತಿದ್ದ ಆಳಿನ ಹೆಸರು ಬೊಮ್ಮ. ನಮ್ಮೂರಲ್ಲೂ ಆ ಹೆಸರಿನ ಇಬ್ಬರಿದ್ದಾರೆ.

ಅಪ್ಪ ಕೊನೆಗೆ ಒಪ್ಪಿದ್ದು ನಿಜ್ವಾದ ಎರಡು ಸಂಗತಿಗೆ. ಒಂದು, ಶುಕ್ರವಾರದ ಮೇಕೆ ಸಂತೆ. ಇನ್ನೊಂದು ಫಲಜ್, ನೆಲದಡಿಯ ನೀರನ್ನ ಕಾಲುವೆಯಲ್ಲಿ ಊರಿಗೆ ತರೋ ವ್ಯವಸ್ಥೆ. ನಿಜ್ವಾದ ಫಲಜ್ ದಾರಿಸ್ 2006ರಿಂದ ಯುನೆಸ್ಕೋ ಪಟ್ಟೀಲಿದೆ. ಹಿಂದೆಲ್ಲ ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಅಂತ ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಪಾಳಿ ಹಾಕ್ತಿದ್ದರು. ನಮ್ಮ ಹೊಲ ಭದ್ರಾ ನಾಲೆಯ ಕೊನೆಭಾಗದಲ್ಲಿದೆ. ಅಪ್ಪ ಎಕ್ಸೆಲ್ ಶೀಟನ್ನ ಕನ್ನಡಕ ಹಾಕಿಕೊಂಡು ಮೊದಲ ಸಲ ಪೂರ್ತಿ ನೋಡಿದರು. ದುಬೈ ಎರಡು ದಿನದಲ್ಲಿ ಒಂದು ದಿನ ಹೊಡೆದುಹಾಕಿ ನಿಜ್ವಾಕ್ಕೆ ಸೇರಿಸು ಅಂದರು. ಆಮೇಲೆ ಕೇಳಿದರು: “ಆ ಕಾಲುವೇಲಿ ಕೊನೇ ಹೊಲದೋನಿಗೆ ನೀರು ಮುಟ್ಟುತ್ತೇನು?”