ಮೊದಲು ನಕಲು, ಆಮೇಲೆ ಹಿಸ್ಸಾ: ಮಾನ್ವಿ ಸೀಮೆಯ ದಾಖಲೆಯೂ ಡಿಸ್ಕಿನ ಚರಿತ್ರೆಯೂ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ದೋಆಬ್ ಪ್ರದೇಶವು 1853ರಿಂದ 1860ರವರೆಗೆ ಬ್ರಿಟಿಷರ ವಶದಲ್ಲಿದ್ದು, ಮತ್ತೆ ನಿಜಾಮರ ಆಳ್ವಿಕೆಗೆ ಮರಳಿ, 1948ರ ಪೊಲೀಸ್ ಕಾರ್ಯಾಚರಣೆಯ ನಂತರ ಭಾರತ ಒಕ್ಕೂಟವನ್ನು ಸೇರಿ, 1956ರ ನವೆಂಬರ್ 1ರಂದು ಮೈಸೂರು ರಾಜ್ಯದ ಭಾಗವಾಯಿತು. ಆಡಳಿತ ಇಷ್ಟು ಸಲ ಕೈ ಬದಲಾಯಿಸಿದರೂ ಮಾನ್ವಿ ತಾಲ್ಲೂಕಿನ ನೀರಮಾನ್ವಿಯಂಥ ಊರುಗಳಲ್ಲಿ ಹೊಲದ ಲೆಕ್ಕ ಇಡುವ ಪರಿಭಾಷೆ ಮಾತ್ರ ಹೆಚ್ಚು ಬದಲಾಗಲಿಲ್ಲ. ಪಹಣಿ, ಹಿಸ್ಸಾ, ಪೋಡಿ, ಆಕಾರಬಂದ್, ನಕಲು ಎಂಬ ಪದಗಳು ರೈತರ ಬಾಯಲ್ಲಿ ಇಂದಿಗೂ ಉಳಿದಿವೆ. ಹೈದರಾಬಾದ್ ರಾಜ್ಯದ ಕೊನೆಯ ವರ್ಷಗಳಲ್ಲಿ, ಅಂದರೆ 1954–55ರಲ್ಲಿ ಸಿದ್ಧವಾದ ಖಾಸ್ರಾ ಪಹಣಿಯನ್ನು ಜಮೀನಿನ ವ್ಯಾಜ್ಯಗಳಲ್ಲಿ ಈಗಲೂ ಹುಡುಕಿಸಿ ತರಲಾಗುತ್ತದೆ.

ಈ ಪದಗಳಲ್ಲಿ ಪೋಡಿ ಎಂಬುದು ಒಂದು ಸರ್ವೆ ನಂಬರಿನ ಜಮೀನನ್ನು ಅಳತೆ ಮಾಡಿ, ಹಿಸ್ಸೆಗಳಾಗಿ ಒಡೆದು, ಪ್ರತಿ ಹಿಸ್ಸೆಗೂ ಪ್ರತ್ಯೇಕ ಸಂಖ್ಯೆ ಕೊಡುವ ಕ್ರಮವಾಗಿದೆ. ಅಣ್ಣತಮ್ಮಂದಿರು ಬೇರೆಯಾದಾಗ 45ನೆಯ ನಂಬರು 45/1, 45/2 ಎಂದಾಗುವುದು ಹೀಗೆಯೇ. ಭೂಮಾಪಕನು ಹೊಲಕ್ಕೆ ಹೋಗುವಾಗ ಮೂಲ ಟಿಪ್ಪಣಿಯನ್ನು, ಅಂದರೆ ಮೊದಲ ಮೋಜಣಿಯ ಅಳತೆ ಬರೆದ ನಕ್ಷೆಯನ್ನು, ಕಚೇರಿಯಲ್ಲೇ ಬಿಟ್ಟು ಅದರ ನಕಲನ್ನು ಒಯ್ಯುತ್ತಾನೆ. ಹೊಸ ಗೆರೆಗಳು ಅಳತೆಗೆ ಸರಿಹೊಂದಿದ ಮೇಲಷ್ಟೇ ಆಕಾರಬಂದ್‌ನಲ್ಲಿ, ಅಂದರೆ ಪ್ರತಿ ನಂಬರಿನ ವಿಸ್ತೀರ್ಣವನ್ನೂ ಕಂದಾಯವನ್ನೂ ತೋರಿಸುವ ಪಟ್ಟಿಯಲ್ಲಿ, ತಿದ್ದುಪಡಿ ಆಗುತ್ತದೆ. ಕಂಪ್ಯೂಟರಿನ ಡಿಸ್ಕನ್ನು ವಿಭಜಿಸುವ ಮತ್ತು ಯಥಾವತ್ತಾಗಿ ನಕಲಿಸುವ ತಂತ್ರಾಂಶಗಳ ಚರಿತ್ರೆಯೂ ಹಲವು ನಷ್ಟಗಳ ನಂತರ ಇದೇ ಕ್ರಮಕ್ಕೆ ಬಂದು ನಿಂತಿತು.

ಈ ಸೀಮೆಯ ದಾಖಲೆಗಳು ಡಿಸ್ಕಿಗೆ ಏರಿದ್ದು ‘ಭೂಮಿ’ ಯೋಜನೆಯ ಮೂಲಕ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿದ ತಂತ್ರಾಂಶವನ್ನು ಬಳಸಿ, ಕರ್ನಾಟಕದ ಆಗಿನ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು 2002ರ ವೇಳೆಗೆ ಗಣಕೀಕರಿಸಲಾಯಿತು. ಗ್ರಾಮಲೆಕ್ಕಿಗರ ಕೈಬರಹದ ಪಹಣಿಯ ಸ್ಥಾನದಲ್ಲಿ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ದೊರೆಯತೊಡಗಿತು. ಮೊದಮೊದಲು ಒಂದೊಂದು ತಾಲ್ಲೂಕಿನ ದತ್ತಾಂಶವೂ ಆಯಾ ಕಚೇರಿಯ ಸರ್ವರ್‌ನಲ್ಲೇ ಇದ್ದುದರಿಂದ, ಹಿಂದೆ ದಫ್ತರದ ಗಂಟುಗಳನ್ನು ಗೆದ್ದಲಿನಿಂದ ಕಾಯಬೇಕಾಗಿದ್ದ ಕಚೇರಿಯು ಈಗ ಡಿಸ್ಕನ್ನು ಕಾಯಬೇಕಾಯಿತು.

ಡಿಸ್ಕಿನ ವಿಭಜನೆ ಎಂದರೇನೆಂಬುದನ್ನು ತಿಳಿಯಲು ಅದರ ಮೊದಲ ವಲಯವನ್ನು ನೋಡಬೇಕು. ಐಬಿಎಂ ಕಂಪನಿಯು 1983ರಲ್ಲಿ 10 ಮೆಗಾಬೈಟ್ ಹಾರ್ಡ್ ಡಿಸ್ಕ್ ಸಹಿತ ಪಿಸಿ ಎಕ್ಸ್‌ಟಿ ಯಂತ್ರವನ್ನು ಹೊರತಂದಾಗ, ಅದರೊಡನೆ ಬಂದ ಡಾಸ್ 2.0ರಲ್ಲಿ ಎಫ್‌ಡಿಸ್ಕ್ ಎಂಬ ವಿಭಜನಾ ಸಾಧನವಿತ್ತು. ಈ ವ್ಯವಸ್ಥೆಯಲ್ಲಿ ಡಿಸ್ಕಿನ ಮೊಟ್ಟಮೊದಲ 512 ಬೈಟುಗಳ ಪೈಕಿ 446 ಬೈಟುಗಳು ಯಂತ್ರವನ್ನು ಚಾಲೂ ಮಾಡುವ ಸೂಚನೆಗಳಿಗೆ, ಕೊನೆಯ 2 ಬೈಟುಗಳು ಮುದ್ರೆಗೆ ಮೀಸಲಾಗಿದ್ದು, ನಡುವಣ 64 ಬೈಟುಗಳಲ್ಲಿ ತಲಾ 16 ಬೈಟುಗಳ ನಾಲ್ಕು ಸಾಲುಗಳಿರುತ್ತವೆ. ಒಂದು ಭಾಗ ಎಲ್ಲಿಂದ ಶುರುವಾಗಿ ಎಷ್ಟು ಉದ್ದವಿದೆ ಎಂಬುದನ್ನು ಒಂದೊಂದು ಸಾಲೂ ಹೇಳುತ್ತದೆ. ಈ ಪುಟ್ಟ ಕೋಷ್ಟಕವೇ ಡಿಸ್ಕಿನ ಆಕಾರಬಂದ್. ಅದು ಅಳಿಸಿಹೋದರೆ ಕಡತಗಳು ಇದ್ದಲ್ಲೇ ಇರುತ್ತವೆ, ಆದರೆ ಅವುಗಳ ಮೇರೆ ಯಾವುದೆಂದು ಯಂತ್ರಕ್ಕೆ ತಿಳಿಯುವುದಿಲ್ಲ. ಕಳೆದ ಮೇರೆಗಳನ್ನು ಹುಡುಕಿ ಕೋಷ್ಟಕವನ್ನು ಮತ್ತೆ ಬರೆಯುವ ಟೆಸ್ಟ್‌ಡಿಸ್ಕ್‌ನಂಥ ಉಚಿತ ತಂತ್ರಾಂಶಗಳು ಸಾಧ್ಯವಾದದ್ದು ಈ ಕಾರಣದಿಂದಲೇ.

ಎಫ್‌ಡಿಸ್ಕ್‌ಗೆ ಹಳೆಯ ಭಾಗವನ್ನು ಅಳಿಸಿ ಹೊಸದನ್ನು ಬರೆಯುವುದು ಗೊತ್ತಿತ್ತೇ ಹೊರತು, ತುಂಬಿದ ಭಾಗವನ್ನು ಕಿರಿದು ಮಾಡುವುದು ಗೊತ್ತಿರಲಿಲ್ಲ. ಪವರ್‌ಕ್ವೆಸ್ಟ್ ಸಂಸ್ಥೆಯ ಪಾರ್ಟಿಶನ್ ಮ್ಯಾಜಿಕ್ 1990ರ ದಶಕದಲ್ಲಿ ಜನಪ್ರಿಯವಾದದ್ದು ಈ ಕೊರತೆಯನ್ನು ನೀಗಿದ್ದರಿಂದ. ಅದು ಮೊದಲು ಕಡತಗಳನ್ನು ಸರಿಸಿ, ಬಳಿಕ ಕೋಷ್ಟಕವನ್ನು ತಿದ್ದುತ್ತಿತ್ತು. ಈ ಎರಡರ ನಡುವೆ ಕರೆಂಟ್ ಹೋದರೆ ಕಡತ ಒಂದೆಡೆ, ಮೇರೆ ಇನ್ನೊಂದೆಡೆ ಆಗುವ ಅಪಾಯವಿತ್ತು. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿರುವ ರಾಯಚೂರು ಜಿಲ್ಲೆಯಲ್ಲೂ ಲೋಡ್ ಶೆಡ್ಡಿಂಗ್ ತಪ್ಪದಿದ್ದ ಕಾಲದಲ್ಲಿ ಯುಪಿಎಸ್ ಇಲ್ಲದೆ ಇಂಥ ಕೆಲಸಕ್ಕೆ ಕೈಹಾಕುವಂತಿರಲಿಲ್ಲ. ವಿಂಡೋಸ್ ಅನ್ನು ಸಿ ಡ್ರೈವ್‌ನಲ್ಲೂ ಸ್ವಂತ ಕಡತಗಳನ್ನು ಡಿ ಡ್ರೈವ್‌ನಲ್ಲೂ ಇರಿಸಿ, ವೈರಸ್ ಬಂದಾಗ ಸಿ ಡ್ರೈವ್ ಒಂದನ್ನೇ ಫಾರ್ಮ್ಯಾಟ್ ಹೊಡೆಯುವ ರೂಢಿಯು ಡಿಟಿಪಿ ಅಂಗಡಿಗಳಲ್ಲಿ ಬೇರೂರಿತು. ಆದರೆ ಎರಡು ಭಾಗಗಳೂ ಒಂದೇ ಡಿಸ್ಕಿನಲ್ಲಿರುವುದರಿಂದ, ಡಿಸ್ಕೇ ಕೆಟ್ಟಾಗ ಡಿ ಡ್ರೈವ್ ಕೂಡ ಅದರೊಡನೆ ಹೋಗುತ್ತಿತ್ತು. ವಿಭಜನೆಯು ಬ್ಯಾಕಪ್ ಅಲ್ಲ ಎಂಬ ತಿಳಿವಳಿಕೆ ಬಂದದ್ದು ತಡವಾಗಿ.

ನಕಲಿಸುವ ಸಾಧನಗಳ ಪರಂಪರೆ ಇದಕ್ಕಿಂತ ಹಳೆಯದು. ಯುನಿಕ್ಸ್‌ನಲ್ಲಿ 1970ರ ದಶಕದಿಂದಲೂ ಇರುವ ಡಿಡಿ ಎಂಬ ಆದೇಶವು ಡಿಸ್ಕನ್ನು ಬೈಟಿಗೆ ಬೈಟಿನಂತೆ ಪ್ರತಿ ಮಾಡುತ್ತದೆ. ಮೂಲ ಯಾವುದು, ಪ್ರತಿ ಯಾವುದು ಎಂಬ ಹೆಸರುಗಳನ್ನು ಅದಲು ಬದಲು ಬರೆದರೆ ಖಾಲಿ ಡಿಸ್ಕನ್ನೇ ಮೂಲದ ಮೇಲೆ ನಕಲಿಸುವಷ್ಟು ಅದು ವಿಧೇಯ. ನ್ಯೂಜಿಲೆಂಡಿನ ಬೈನರಿ ರಿಸರ್ಚ್ ಸಂಸ್ಥೆಯಲ್ಲಿ ಮರ್ರೇ ಹ್ಯಾಸ್‌ಜಾರ್ಡ್ 1995ರ ಸುಮಾರಿಗೆ ರೂಪಿಸಿ, 1998ರಲ್ಲಿ ಸಿಮ್ಯಾಂಟೆಕ್ ಕೊಂಡುಕೊಂಡ ಘೋಸ್ಟ್ ತಂತ್ರಾಂಶವು ಇದೇ ಕೆಲಸವನ್ನು ಸಾಮಾನ್ಯ ಪಿಸಿಗಳಿಗೆ ತಂದಿತು. ವಿಂಡೋಸ್, ಕನ್ನಡ ಬರೆಯುವ ‘ನುಡಿ’ ತಂತ್ರಾಂಶ ಮತ್ತು ಪ್ರಿಂಟರ್ ಡ್ರೈವರ್‌ಗಳನ್ನು ಒಂದು ಯಂತ್ರದಲ್ಲಿ ಸರಿಯಾಗಿ ಕೂರಿಸಿ, ಅದರ ಪ್ರತಿಬಿಂಬವನ್ನು ಉಳಿದ ಯಂತ್ರಗಳಿಗೆ ಇಳಿಸುವ ಈ ವಿಧಾನದಿಂದ ಶಾಲಾ ಪ್ರಯೋಗಾಲಯಗಳ ಹಲವು ದಿನಗಳ ಕೆಲಸ ಗಂಟೆಗಳಿಗೆ ಇಳಿಯಿತು. ತೈವಾನಿನಲ್ಲಿ ಅಭಿವೃದ್ಧಿಗೊಂಡ ಕ್ಲೋನ್‌ಜಿಲ್ಲಾ ಈ ಸೌಲಭ್ಯವನ್ನು ಮುಕ್ತ ತಂತ್ರಾಂಶವಾಗಿ ಒದಗಿಸಿತು. ಅದು ತುಂಬಿದ ವಲಯಗಳನ್ನಷ್ಟೇ ನಕಲಿಸಿ ಸಮಯ ಉಳಿಸುತ್ತದೆಯಾದರೂ, ಗುರಿ ಡಿಸ್ಕು ಮೂಲದಷ್ಟಾದರೂ ದೊಡ್ಡದಿರಬೇಕೆಂದು ಸಾಮಾನ್ಯವಾಗಿ ಬಯಸುತ್ತದೆ.

ಯಥಾವತ್ ನಕಲಿಗೂ ಒಂದು ತೊಡಕಿದೆ. ಪ್ರತಿ ಡಿಸ್ಕಿಗೂ ಇರುವ ಗುರುತಿನ ಸಂಖ್ಯೆಯು ನಕಲಿನೊಡನೆ ತಾನೂ ನಕಲಾಗುವುದರಿಂದ, ಮೂಲ ಮತ್ತು ಪ್ರತಿಗಳೆರಡನ್ನೂ ಒಂದೇ ಯಂತ್ರಕ್ಕೆ ಜೋಡಿಸಿದಾಗ ವಿಂಡೋಸ್ ಅವುಗಳಲ್ಲೊಂದನ್ನು ಬದಿಗಿಡುತ್ತದೆ. ಒಂದೇ ಸರ್ವೆ ನಂಬರಿಗೆ ಎರಡು ಹೊಲಗಳು ಬಂದಾಗ ಕಚೇರಿಯು ಎರಡನ್ನೂ ಒಪ್ಪಲಾಗದ ಸ್ಥಿತಿಯಿದು. ಅನೇಕ ಯಂತ್ರಗಳಿಗೆ ಒಂದೇ ಪ್ರತಿಬಿಂಬವನ್ನು ಇಳಿಸುವ ಮೊದಲು ಸಿಸ್‌ಪ್ರೆಪ್ ಎಂಬ ಸಾಧನದಿಂದ ಯಂತ್ರದ ಗುರುತನ್ನು ತೆಗೆದುಹಾಕಬೇಕೆಂದು ಮೈಕ್ರೋಸಾಫ್ಟ್ ಸೂಚಿಸುವುದು ಇದೇ ಬಗೆಯ ಗೊಂದಲವನ್ನು ತಪ್ಪಿಸಲು. ವೈರಸ್ ಇದ್ದ ಡಿಸ್ಕಿನ ಪ್ರತಿಯಲ್ಲಿ ವೈರಸ್ ಕೂಡ ಇರುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಳೆಯ ಕೋಷ್ಟಕವು 2 ಟೆರಾಬೈಟ್‌ಗಿಂತ ಆಚೆಗೆ ಎಣಿಸಲಾರದಾದಾಗ ಜಿಪಿಟಿ ಎಂಬ ಹೊಸ ಕ್ರಮ ಬಂದು, ಸಾಮಾನ್ಯವಾಗಿ 128 ಭಾಗಗಳಿಗೆ ಅವಕಾಶ ಕೊಟ್ಟಿತು. ಸಂಖ್ಯೆಗಿಂತ ಮಹತ್ವದ ಬದಲಾವಣೆಯೆಂದರೆ, ಈ ಕೋಷ್ಟಕದ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿ ಇರುವುದು ಮತ್ತು ಎರಡೂ ಕೆಡದೆ ಉಳಿದಿವೆಯೇ ಎಂದು ಪರೀಕ್ಷಿಸುವ ಮೊತ್ತಗಳು ಅವುಗಳೊಡನೆಯೇ ಇರುವುದು. ವಿಸ್ಟಾ ಕಾಲದಿಂದ ವಿಂಡೋಸ್‌ನಲ್ಲೇ ಭಾಗವನ್ನು ಕುಗ್ಗಿಸುವ ಸೌಲಭ್ಯವಿದೆ, ಉಚಿತವಾದ ಜಿಪಾರ್ಟೆಡ್ ಇದೆ. ಆದ್ದರಿಂದ ಇಂದು ತಂತ್ರಾಂಶದ ಆಯ್ಕೆಗಿಂತ ಕೆಲಸದ ಅನುಕ್ರಮವೇ ಮುಖ್ಯವಾಗಿದೆ. ಬೇರೊಂದು ಡಿಸ್ಕಿಗೆ ಪೂರ್ಣ ನಕಲು ತೆಗೆಯುವುದು, ಆ ನಕಲಿನಿಂದ ಯಂತ್ರ ಚಾಲೂ ಆಗುವುದೇ, ಕಡತಗಳು ತೆರೆಯುವುವೇ ಎಂದು ನೋಡುವುದು, ಆ ನಂತರವೇ ಮೂಲವನ್ನು ವಿಭಜಿಸುವುದು ಆ ಅನುಕ್ರಮ. ಮಾನ್ವಿಯಿಂದ ಸಿರವಾರ ಪ್ರತ್ಯೇಕ ತಾಲ್ಲೂಕಾದ ಹೊತ್ತಿಗೆ ಪಹಣಿಗಳ ದತ್ತಾಂಶವು ರಾಜ್ಯಮಟ್ಟದ ಕೇಂದ್ರಕ್ಕೆ ಹೋಗಿತ್ತು. ಶಾಲೆಯ, ಪತ್ರಬರಹಗಾರರ, ಡಿಟಿಪಿ ಅಂಗಡಿಯ ಡಿಸ್ಕುಗಳ ಹೊಣೆ ಮಾತ್ರ ಇನ್ನೂ ಊರಿನಲ್ಲೇ ಇದೆ. ದೃಢೀಕೃತ ನಕಲು ಕೊಡುವ ಗುಮಾಸ್ತನು ಮೂಲದೊಡನೆ ತಾಳೆ ನೋಡದೆ ಸಹಿಗೆ ಕಳುಹಿಸುವಂತಿಲ್ಲ ಎಂಬ ಕಚೇರಿಯ ನಿಯಮವು ಈ ಡಿಸ್ಕುಗಳಿಗೂ ಹಾಗೆಯೇ ಅನ್ವಯಿಸುತ್ತದೆ.