ಕಾರಿನ ಬೇಸ್ ನಾಬ್: ಮಕ್ತಲ್ ಹೆದ್ದಾರಿಯಲ್ಲಿ, ನಾರಾಯಣಪೇಟೆಯ ಓಣಿಯಲ್ಲಿ

ಹೈದರಾಬಾದಿನಿಂದ ಮಂತ್ರಾಲಯಕ್ಕೆ ಹೊರಟ ಗಾಡಿಗಳಲ್ಲಿ ಹೆಚ್ಚಿನವು ಮಹಬೂಬನಗರ, ಮಕ್ತಲ್ ಹಾದು, ದೇವಸುಗೂರಿನ ಬಳಿ ನಿಜಾಮರ ಕಾಲದ ಸೇತುವೆಯಿರುವಲ್ಲಿ ಕೃಷ್ಣೆಯನ್ನು ದಾಟಿ ರಾಯಚೂರು ಸೇರುತ್ತವೆ. ಮಹಬೂಬನಗರದಿಂದಾಚೆ ಇದು ರಾಷ್ಟ್ರೀಯ ಹೆದ್ದಾರಿ 167. ಈ ದಾರಿಯ ಒಂದು ಕಡೆ ನಾರಾಯಣಪೇಟೆ. ಹೊಳೆಯ ಆಚೆ, ಕೃಷ್ಣಾ-ತುಂಗಭದ್ರೆಯರ ನಡುವಿನ ನಡಿಗಡ್ಡದಲ್ಲಿ ಗದ್ವಾಲ. ತೆಲುಗು, ಕನ್ನಡ, ಉರ್ದು ಒಂದೇ ಸಂತೆಯಲ್ಲಿ ಕೇಳಿಬರುವ ಗಡಿ ಸೀಮೆ ಇದು. ಒಂದೇ ಕಾರಿನಲ್ಲಿ ಹಳೆಯ ಕನ್ನಡ ಸಿನಿಮಾ ಹಾಡು, ತೆಲಂಗಾಣದ ಜಾನಪದ ಡಿಜೆ, ದಾಸರ ಪದ, ಕವ್ವಾಲಿ ಒಂದರ ಹಿಂದೊಂದು ಬರುವುದೂ ಇಲ್ಲಿ ಸಹಜ. ಒಂದೊಂದು ಹಾಡಿನ ತಳದ ದನಿಯೂ ಒಂದೊಂದು ಬಗೆ. ಡಿಕ್ಕಿಯಲ್ಲಿ ವೂಫರ್, ಅಂದರೆ ತಳದ ದನಿ (ಬೇಸ್) ನುಡಿಸುವ ಸ್ಪೀಕರ್ ಇಟ್ಟವರಿಗೆ ಬೇಸ್ ನಾಬ್ ಬೇಕಾಗುವುದು ಇಂಥಲ್ಲೇ.

ಅಂಗಡಿಯ ಪಟ್ಟಿಯಲ್ಲಿ ಇದು ರಿಮೋಟ್ ಬೇಸ್ ಕಂಟ್ರೋಲ್, ಮಾತಿನಲ್ಲಿ ಬೇಸ್ ನಾಬ್. ಬೇಸ್ ಏರಿಸಲೆಂದೇ ಇದನ್ನು ಹಾಕಿಸುತ್ತಾರೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಸರಿಯಾಗಿ ಕೂರಿಸಿದ ಸೆಟ್ಟಿನಲ್ಲಿ ಅದರ ಕೆಲಸ ತದ್ವಿರುದ್ಧ: ಅದು ಬೇಸ್ ಇಳಿಸುವ ಗುಂಡಿ. ಸುಟ್ಟುಹೋಗುವ ವೂಫರುಗಳಲ್ಲಿ ಅನೇಕವು ಈ ಒಂದು ವಿಷಯ ತಿಳಿಯದೆಯೇ ಸುಡುತ್ತವೆ.

ಗುಂಡಿಯ ಒಳಗೇನಿದೆ

ವೂಫರನ್ನು ನಡೆಸುವ ಆಂಪ್ಲಿಫೈಯರ್ ಸಾಮಾನ್ಯವಾಗಿ ಡಿಕ್ಕಿಯಲ್ಲಿ ಅಥವಾ ಸೀಟಿನ ಕೆಳಗೆ ಇರುತ್ತದೆ. ಓಡುತ್ತಿರುವ ಗಾಡಿಯಲ್ಲಿ ಅದರ ಗುಂಡಿಗಳಿಗೆ ಕೈ ಎಟುಕದು. ಅದಕ್ಕೇ ಆಂಪ್‌ನಿಂದ ನಾಲ್ಕೈದು ಮೀಟರ್ ತೆಳು ಕೇಬಲ್ ಎಳೆದು, ಚಾಲಕನ ಕೈಯಳತೆಯಲ್ಲಿ ಒಂದು ಸಣ್ಣ ಗುಂಡಿ ಕೂರಿಸುತ್ತಾರೆ. ಅದರ ಡಬ್ಬಿಯೊಳಗೆ ಇರುವುದು ಒಂದು ಪೊಟೆನ್ಶಿಯೋಮೀಟರ್, ಅಂದರೆ ತಿರುಗಿಸಿದಂತೆ ರೋಧ ಬದಲಾಗುವ ಇಂಗಾಲದ ಪಟ್ಟಿ. ಜೊತೆಗೆ ಒಂದು ಎಲ್‌ಇಡಿ ದೀಪ. ವೂಫರಿಗೆ ಹೋಗುವ ದೊಡ್ಡ ವಿದ್ಯುತ್ತು ಈ ಗುಂಡಿಯ ಮೂಲಕ ಹಾಯುವುದಿಲ್ಲ. ಆಂಪ್‌ನ ಒಳಮಾರ್ಗದ ಸಣ್ಣ ಸಂಕೇತವನ್ನಷ್ಟೇ ಅದು ಹತೋಟಿಯಲ್ಲಿಡುತ್ತದೆ.

ಸ್ಟೀರಿಯೊದ ಮೆನುವಿನಲ್ಲಿ ವೂಫರಿನ ಮಟ್ಟ ಬದಲಿಸುವ ಸಬ್ ಲೆವೆಲ್ ಇದ್ದೇ ಇರುತ್ತದಲ್ಲ, ನಾಬ್ ಯಾಕೆ ಎಂದು ಕೇಳುವವರಿದ್ದಾರೆ. ಆ ಮೆನು ತೆರೆಯಲು ಟಚ್‌ಸ್ಕ್ರೀನನ್ನು ನಾಲ್ಕು ಸಲ ಒತ್ತಬೇಕು, ಕಣ್ಣು ಅತ್ತ ಹೊರಳಲೇಬೇಕು. ಗುಂಡಿಯನ್ನು ಕಣ್ಣು ರಸ್ತೆಯ ಮೇಲಿಟ್ಟೇ ಬೆರಳ ತುದಿಯಿಂದ ತಿರುಗಿಸಬಹುದು. ಎತ್ತಿನ ಬಂಡಿ, ಆಟೊ, ಟ್ರ್ಯಾಕ್ಟರ್ ಎಲ್ಲವೂ ಒಟ್ಟಿಗೆ ಸಾಗುವ ರಸ್ತೆಯಲ್ಲಿ ಇದು ಸಣ್ಣ ಅನುಕೂಲವಲ್ಲ.

ನಿಮ್ಮ ನಾಬ್ ಯಾವ ಜಾತಿಯದು

ನೋಡಲು ಒಂದೇ ತರಹ ಇರುವ ನಾಬ್‌ಗಳು ಮಾಡುವ ಕೆಲಸ ಬೇರೆ ಬೇರೆ. ಕೆಲವು ವೂಫರಿನ ಒಟ್ಟು ಮಟ್ಟವನ್ನೇ ಏರಿಸಿ ಇಳಿಸುತ್ತವೆ. ಇನ್ನು ಕೆಲವು ಬೂಸ್ಟ್ ನಾಬ್‌ಗಳು: 45 ಹರ್ಟ್ಜ್ ಸುತ್ತಮುತ್ತಲ ದನಿಯನ್ನು ಮಾತ್ರ 12 ಅಥವಾ 18 ಡೆಸಿಬೆಲ್‌ವರೆಗೆ ಉಬ್ಬಿಸುತ್ತವೆ. ಯಾವುದೆಂದು ತಿಳಿಯುವುದು ಸುಲಭ. ಹಾಡು ಹಚ್ಚಿ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿ. ವೂಫರ್ ಸುಮ್ಮನಾದರೆ, ಇಲ್ಲವೇ ಬಹಳ ಮಟ್ಟಿಗೆ ತಗ್ಗಿದರೆ ಅದು ಮಟ್ಟದ ನಾಬ್. ಎಡಕ್ಕೆ ತಿರುಗಿಸಿದರೂ ವೂಫರ್ ಆರಾಮಾಗಿ ನುಡಿಯುತ್ತಿದ್ದರೆ ಬೂಸ್ಟ್ ನಾಬ್. ಇವೆರಡರಲ್ಲಿ ನಾನು ಸೂಚಿಸುವುದು ಮಟ್ಟದ್ದನ್ನು. ಬೂಸ್ಟ್ ನಾಬ್ ಹಾಡಿನ ಸ್ವರೂಪವನ್ನೇ ಕೆಡಿಸುತ್ತದೆ, ಆಂಪ್ ಮೇಲೆ ಹೊರಲಾರದ ಹೊರೆ ಹೇರುತ್ತದೆ.

ಆಂಪ್‌ನಲ್ಲಿ ನಾಬ್‌ಗೆ ಕಿಂಡಿಯೇ ಇಲ್ಲದಿದ್ದರೆ, ಸ್ಟೀರಿಯೊದಿಂದ ಆಂಪ್‌ಗೆ ಸಂಕೇತ ಒಯ್ಯುವ ಆರ್‌ಸಿಎ ಕೇಬಲಿನ ನಡುವೆ ಸೇರಿಸುವ ಸಾರ್ವತ್ರಿಕ ನಾಬ್ ಸಿಗುತ್ತದೆ. ಅದು ಯಾವ ಕಂಪನಿಯ ಆಂಪ್‌ಗೂ ಹೊಂದುತ್ತದೆ, ಬರೀ ಇಳಿಸುವ ಕೆಲಸ ಮಾಡುತ್ತದೆ. ಆದರೆ ಹಾಡಿನ ಸಂಕೇತವೇ ಡ್ಯಾಶ್‌ಬೋರ್ಡಿಗೆ ಬಂದು ಮತ್ತೆ ಹಿಂದಕ್ಕೆ ಹೋಗಬೇಕಾದ್ದರಿಂದ ದಾರಿಯಲ್ಲಿ ಕರಕರ ಸದ್ದು ಸೇರಿಕೊಳ್ಳುವ ಸಂಭವ ಹೆಚ್ಚು.

ಒಂದು ಎಚ್ಚರಿಕೆ. ಕಂಪನಿಯ ನಾಬ್ ಕೇಬಲಿನ ತುದಿ ಹಳೆಯ ಲ್ಯಾಂಡ್‌ಲೈನ್ ಫೋನಿನ ಆರ್‌ಜೆ-11 ಪಿನ್ನಿನಂತೆಯೇ ಇರುವುದು ಸಾಮಾನ್ಯ. ಹಾಗೆಂದು ಒಂದು ಕಂಪನಿಯ ನಾಬನ್ನು ಇನ್ನೊಂದರ ಆಂಪ್‌ಗೆ ಸಿಕ್ಕಿಸಬಾರದು. ಯಾವ ತಂತಿಯಲ್ಲಿ ಏನು ಹರಿಯುತ್ತದೆ ಎಂಬ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ, ದೀಪದ ವೋಲ್ಟೇಜು ತಪ್ಪು ಕಡೆ ಹರಿದರೆ ಆಂಪ್‌ನ ಒಳಭಾಗವೇ ಕೆಡಬಹುದು. ಮನೆಯಲ್ಲಿ ಬಿದ್ದಿರುವ ಫೋನ್ ವೈರಿನ ಎರಡು ತುದಿಗಳಲ್ಲಿ ತಂತಿಗಳ ಕ್ರಮ ಬಹಳ ಸಲ ತಿರುಗುಮುರುಗಾಗಿರುವುದರಿಂದ ಅದೂ ನಂಬಿಕೆಗೆ ಯೋಗ್ಯವಲ್ಲ. ಹಾಗೆಯೇ ಸ್ಟೀರಿಯೊದಿಂದ ಬರುವ ನೀಲಿ-ಬಿಳಿ ಪಟ್ಟೆಯ ರಿಮೋಟ್ ತಂತಿಗೂ ಇದಕ್ಕೂ ಸಂಬಂಧವಿಲ್ಲ. ಆ ತಂತಿ ಆಂಪನ್ನು ಆನ್ ಮಾಡಲಷ್ಟೇ.

ಗೇನ್ ಹೊಂದಿಸುವ ಹೊತ್ತು

ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದು. ಗೇನ್, ಅಂದರೆ ಒಳಬರುವ ಸಂಕೇತವನ್ನು ಆಂಪ್ ಎಷ್ಟು ಹಿಗ್ಗಿಸಬೇಕು ಎಂಬುದನ್ನು ಹೊಂದಿಸುವಾಗ ನಾಬ್ ಪೂರ್ತಿ ಬಲಕ್ಕೆ, ಗರಿಷ್ಠದಲ್ಲಿ ಇರಲೇಬೇಕು.

ಕಾರಣವನ್ನು ಲೆಕ್ಕದಲ್ಲೇ ನೋಡೋಣ. ನಾಬನ್ನು ನಡುವೆ ನಿಲ್ಲಿಸಿ, ಅಲ್ಲಿ ಅದು 6 ಡೆಸಿಬೆಲ್ ತಗ್ಗಿಸುತ್ತಿರುವಾಗ, 300 ವಾಟ್ ಬರುವಂತೆ ಗೇನ್ ಹೊಂದಿಸಿದಿರಿ ಎನ್ನಿ. ಮುಂದೆ ಯಾರೋ ಹುರುಪಿನಲ್ಲಿ ಗುಂಡಿಯನ್ನು ಪೂರ್ತಿ ತಿರುಗಿಸುತ್ತಾರೆ. 6 ಡೆಸಿಬೆಲ್ ಏರಿಕೆಯೆಂದರೆ ನಾಲ್ಕು ಪಟ್ಟು ಶಕ್ತಿ. ಈಗ ಆಂಪ್‌ನಿಂದ ಕೇಳುತ್ತಿರುವುದು 1200 ವಾಟ್. ಇನ್ನು 12 ಡೆಸಿಬೆಲ್ ಬೂಸ್ಟ್ ಆಗಿದ್ದರೆ ಹದಿನಾರು ಪಟ್ಟು, 4800 ವಾಟ್. ಅಷ್ಟನ್ನು ಆಂಪ್ ಕೊಡಲಾರದು. ಆಗ ದನಿಯ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಇದೇ ಕ್ಲಿಪ್ಪಿಂಗ್. ಚಪ್ಪಟೆ ಅಲೆಯ ಸರಾಸರಿ ಶಕ್ತಿ ಹೆಚ್ಚು, ವೂಫರಿನ ಸುರುಳಿ ತಡೆಯಲಾರದಷ್ಟು ಕಾಯುತ್ತದೆ. ಸುಟ್ಟ ವಾರ್ನಿಷಿನ ವಾಸನೆ ಮೂಗಿಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಕೆಲಸ ಕೆಟ್ಟಿರುತ್ತದೆ.

ಹೊಂದಿಸುವ ವಿಧಾನಕ್ಕೆ ಸಾಧಾರಣ ಮಲ್ಟಿಮೀಟರ್ ಸಾಕು. ವೂಫರಿನ ತಂತಿ ಬಿಚ್ಚಿಡಿ. ಸ್ಟೀರಿಯೊದ ಬೇಸ್, ಟ್ರೆಬಲ್, ಲೌಡ್ನೆಸ್ ಎಲ್ಲವನ್ನೂ ಸೊನ್ನೆಗೆ ತನ್ನಿ. ಆಂಪ್‌ನ ಲೋ-ಪಾಸ್ ಫಿಲ್ಟರನ್ನು 80 ಹರ್ಟ್ಜ್ ಹತ್ತಿರ ಇಡಿ. 50 ಹರ್ಟ್ಜ್‌ನ ಟೆಸ್ಟ್ ಟೋನ್ ಹಚ್ಚಿ, ಸ್ಟೀರಿಯೊದ ವಾಲ್ಯೂಮನ್ನು ಮುಕ್ಕಾಲಿಗೆ ಏರಿಸಿ. ಬೇಸ್ ನಾಬ್ ಪೂರ್ತಿ ಬಲಕ್ಕೆ. ಈಗ ಆಂಪ್‌ನ ಸ್ಪೀಕರ್ ತುದಿಗಳಲ್ಲಿ ಎಸಿ ವೋಲ್ಟೇಜ್ ಅಳೆಯುತ್ತ ಗೇನ್ ಸ್ಕ್ರೂವನ್ನು ನಿಧಾನವಾಗಿ ತಿರುಗಿಸಬೇಕು. ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಸೂತ್ರವಿದೆ: ಆರ್‌ಎಂಎಸ್ ವಾಟ್ (ಸತತವಾಗಿ ನಡೆಯಬಲ್ಲ ಶಕ್ತಿ) ಮತ್ತು ವೂಫರಿನ ಓಮ್ ಎರಡನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ. 300 ವಾಟ್, 4 ಓಮ್ ಆದರೆ 1200ರ ವರ್ಗಮೂಲ, 34.6 ವೋಲ್ಟ್. 500 ವಾಟ್, 2 ಓಮ್ ಆದರೆ 31.6. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುವ ಪೀಕ್ ವಾಟ್‌ಗೆ ಇಲ್ಲಿ ಬೆಲೆಯಿಲ್ಲ. ಆಂಪ್ ಮತ್ತು ವೂಫರ್ ಎರಡರ ಆರ್‌ಎಂಎಸ್‌ನಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿಯಬೇಕು.

ಹೀಗೆ ಮಾಡಿದ ಮೇಲೆ ಸ್ಟೀರಿಯೊ ವಾಲ್ಯೂಮ್ ಆ ಮುಕ್ಕಾಲಿನ ಗೆರೆ ದಾಟದಿದ್ದರೆ, ನಾಬ್ ಯಾರ ಕೈಗೆ ಸಿಕ್ಕರೂ ಆಂಪ್ ಕ್ಲಿಪ್ ಆಗುವುದಿಲ್ಲ. ಗುಂಡಿಯ ಗರಿಷ್ಠವೇ ಸೆಟ್ಟಿನ ಗರಿಷ್ಠ.

ತಂತಿ, ಬಿಸಿಲು, ಅಂಟು

ನಾಬ್ ಕೇಬಲನ್ನು ಬ್ಯಾಟರಿಯಿಂದ ಬರುವ ದಪ್ಪ ತಂತಿಯ ಪಕ್ಕದಲ್ಲಿ ಎಳೆಯಬಾರದು. ಪವರ್ ತಂತಿ ಗಾಡಿಯ ಒಂದು ಬದಿಗಾದರೆ, ಆರ್‌ಸಿಎ ಮತ್ತು ನಾಬ್ ಕೇಬಲ್ ಇನ್ನೊಂದು ಬದಿಗೆ, ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ ಹೋಗಲಿ. ಪವರ್ ತಂತಿಗೆ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲೇಬೇಕು. 300 ವಾಟಿನ ಡಿ-ಕ್ಲಾಸ್ ಆಂಪ್, ಶೇ. 80 ದಕ್ಷತೆಯೆಂದುಕೊಂಡರೂ, 14 ವೋಲ್ಟಿನಲ್ಲಿ ಸುಮಾರು 27 ಆಂಪಿಯರ್ ಎಳೆಯುತ್ತದೆ. ಬಾನೆಟ್ಟಿನ ಕೆಳಗೆ ಆ ತಂತಿ ಸವೆದು ಬಾಡಿಗೆ ತಾಗಿದರೆ ಬೆಂಕಿಯೇ.

ಈ ಸೀಮೆಯಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟುವುದು ಮಾಮೂಲು. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಒಳಗೆ ಅದಕ್ಕೂ ಎಷ್ಟೋ ಹೆಚ್ಚು. ನಾಬನ್ನು ಎರಡು ಬದಿ ಅಂಟಿನ ಟೇಪಿನಿಂದ ಡ್ಯಾಶ್‌ಬೋರ್ಡಿಗೆ ಹಚ್ಚಿದ್ದರೆ ಆ ಬಿಸಿಗೆ ಅಂಟು ಜಾರಿ, ಗುಂಡಿ ತಂತಿಯಲ್ಲಿ ನೇತಾಡತೊಡಗುತ್ತದೆ. ಬ್ರೇಕ್ ಪೆಡಲಿನ ಬಳಿ ಹಾಗೆ ನೇತಾಡುವ ವಸ್ತು ಅಪಾಯಕಾರಿ. ಬ್ರಾಕೆಟ್ಟಿಗೆ ಎರಡು ಸ್ಕ್ರೂ ಹಾಕಿಸುವುದೇ ಲೇಸು. ಜಾಗ ಗೇರ್ ಲಿವರಿನ ಹತ್ತಿರವಾದರೆ ಉತ್ತಮ. ಏರ್‌ಬ್ಯಾಗಿನ ಮುಚ್ಚಳದ ಮೇಲಾಗಲಿ, ಮೊಣಕಾಲು ತಾಗುವಲ್ಲಾಗಲಿ ಬೇಡ. ಡಿಕ್ಕಿಯಲ್ಲಿ ಆಂಪ್ ಮೇಲೆ ಚೀಲ, ಹಾಸು ಒಟ್ಟಿದರೆ ಗಾಳಿಯಾಡದೆ ಅದು ಕಾದು ತಾನಾಗಿ ಬಂದಾಗುತ್ತದೆ. ಬೇಸಿಗೆಯಲ್ಲಿ ಬೇಸ್ ಇದ್ದಕ್ಕಿದ್ದಂತೆ ನಿಂತು, ಅರ್ಧ ತಾಸಿನ ಮೇಲೆ ತಾನೇ ಮರಳಿದರೆ ಮೊದಲು ನೋಡಬೇಕಾದ್ದು ಇದನ್ನೇ.

ರಸ್ತೆಗೊಂದು, ಹಾಡಿಗೊಂದು

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಟಯರಿನ ಮೊರೆತ, ಗಾಳಿಯ ಬಡಿತ, ಎಂಜಿನ್ನಿನ ಗುಂಯ್ ಎಲ್ಲವೂ ಹೆಚ್ಚಾಗಿ ಕೆಳಗಿನ ಸ್ಥಾಯಿಯವೇ. ಅವು ಹಾಡಿನ ಬೇಸನ್ನು ನುಂಗುತ್ತವೆ, ಗಾಯಕರ ದನಿಯನ್ನು ಅಷ್ಟಾಗಿ ಮುಟ್ಟುವುದಿಲ್ಲ. ಗಾಡಿ ನಿಂತಾಗ ಸರಿಯೆನಿಸಿದ ಬೇಸ್ ಹೆದ್ದಾರಿಯಲ್ಲಿ ಸೊರಗಿದಂತೆ ಕೇಳಲು ಇದೇ ಕಾರಣ. ಗಾಜು ಏರಿಸಿದರೆ ಪುಟ್ಟ ಕ್ಯಾಬಿನ್ನು ತಾನೇ ತಳದ ದನಿಯನ್ನು ಬಲಪಡಿಸುತ್ತದೆ. ಗಾಜು ಇಳಿಸಿದರೆ ಆ ಒತ್ತಡ ಹೊರಗೆ ಸೋರಿಹೋಗುತ್ತದೆ.

ಕಿವಿಯದೂ ಒಂದು ಸ್ವಭಾವವಿದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ದನಿ ಸಣ್ಣದಾದಷ್ಟೂ ನಮ್ಮ ಕಿವಿ ಬೇಸನ್ನು ಹೆಚ್ಚು ಹೆಚ್ಚು ಕಳೆದುಕೊಳ್ಳುತ್ತದೆ. ಹಿಂದಿನ ಸೀಟಿನಲ್ಲಿ ಮಗು ಮಲಗಿದೆಯೆಂದು ವಾಲ್ಯೂಮ್ ತಗ್ಗಿಸಿದಾಗ ನಾಬನ್ನು ತುಸು ಏರಿಸಿದರೆ ಹಾಡು ಮತ್ತೆ ತುಂಬಿ ಬರುತ್ತದೆ. ವಾಲ್ಯೂಮ್ ಏರಿಸಿದಾಗ ನಾಬ್ ಇಳಿಯಬೇಕು.

ಹಾಡುಗಳ ನಡುವಿನ ವ್ಯತ್ಯಾಸ ಇನ್ನೂ ದೊಡ್ಡದು. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಜ್. ಈಗಿನ ಡಿಜೆ ಹಾಡುಗಳು ಅದಕ್ಕೂ ಕೆಳಗಿಳಿಯುತ್ತವೆ. ಹಳೆಯ ಸಿನಿಮಾ ಹಾಡುಗಳ, ದಾಸರ ಪದಗಳ ಧ್ವನಿಮುದ್ರಣದಲ್ಲಿ 80 ಹರ್ಟ್ಜ್‌ನ ಕೆಳಗೆ ಇರುವುದೇ ಅಲ್ಪ. ಇಲ್ಲದ್ದನ್ನು ನಾಬ್ ಎಷ್ಟು ತಿರುಗಿಸಿದರೂ ತರಲಾಗದು, ಟೇಪಿನ ಗೊರಗೊರ ಮಾತ್ರ ಹೆಚ್ಚುತ್ತದೆ. ಅಮೆರಿಕದ ಆಡಿಯೋಕಂಟ್ರೋಲ್ ಕಂಪನಿಯ ಎಪಿಸೆಂಟರ್‌ನಂಥ ಸಾಧನಗಳು ಕಾಣೆಯಾದ ತಳದ ದನಿಯನ್ನು ಲೆಕ್ಕ ಹಾಕಿ ಹೊಸದಾಗಿ ಸೃಷ್ಟಿಸುತ್ತವೆ. ಅವಕ್ಕೂ ಒಂದು ಗುಂಡಿಯಿರುತ್ತದೆ, ಆದರೆ ಕೆಲಸ ಪೂರ್ತಿ ಬೇರೆ. ದಾಸರ ಪದಕ್ಕೆ ನಾಬನ್ನು ಕಾಲು ಭಾಗದಲ್ಲಿಟ್ಟು, ಮೃದಂಗದ ಎಡಮುಖದ ಗುಮುಕು ಮಾತಿನ ಮೇಲೆ ಬೀಳದಂತೆ ಕೇಳುವುದು ನನ್ನ ಮೆಚ್ಚಿನ ಕ್ರಮ.

ಊರೊಳಗೆ ಬಂದಾಗ

ನಾರಾಯಣಪೇಟೆ ಮತ್ತು ಗದ್ವಾಲ ಎರಡೂ ಸೀರೆಗೆ ಹೆಸರಾದ ಊರುಗಳು. ಮನೆಯೊಳಗೇ ಮಗ್ಗವಿರುವ ನೇಕಾರರ ಓಣಿಗಳಲ್ಲಿ ಗೋಡೆಗೆ ಗೋಡೆ ತಾಗಿರುತ್ತದೆ, ರಸ್ತೆಗೂ ಹೊಸ್ತಿಲಿಗೂ ಅಂತರವೇ ಇರುವುದಿಲ್ಲ. 50 ಹರ್ಟ್ಜ್ ದನಿಯ ಅಲೆಯ ಉದ್ದ ಸುಮಾರು ಏಳು ಮೀಟರ್. ಗೋಡೆ ತಾರಸ್ಥಾಯಿಯನ್ನು ತಡೆಯುವಷ್ಟು ಸಲೀಸಾಗಿ ಇದನ್ನು ತಡೆಯಲಾರದು. ಕಾರಿನೊಳಗಿನವರಿಗೆ ಹಾಡು ಕೇಳುತ್ತಿದ್ದರೆ, ಮನೆಯೊಳಗಿನವರಿಗೆ ಕೇಳುವುದು ಬರೀ ದುಂ ದುಂ, ಜೊತೆಗೆ ಶಟರಿನ ನಡುಕ.

2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ರಾತ್ರಿಯೆಂದರೆ 10ರಿಂದ ಬೆಳಗ್ಗೆ 6. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯಕ್ಕೆ 50 ಮತ್ತು 40. ಗಮನಿಸಬೇಕಾದ ಸಂಗತಿಯೊಂದಿದೆ. ಈ ಮಿತಿಗಳು ಡೆಸಿಬೆಲ್-ಎ ಎಂಬ ಅಳತೆಯಲ್ಲಿವೆ, ಆ ಅಳತೆ ಕೆಳಗಿನ ದನಿಗಳನ್ನು ಬಹಳ ಕಡಿಮೆ ಎಣಿಸುತ್ತದೆ. 50 ಹರ್ಟ್ಜ್‌ನಲ್ಲಿ ಸುಮಾರು 30 ಡೆಸಿಬೆಲ್ ಕಳೆದು ತೋರಿಸುತ್ತದೆ. ಮೀಟರಿನಲ್ಲಿ 60 ಎಂದು ಕಾಣುವ ಬೇಸ್ ದನಿಯ ನಿಜವಾದ ಒತ್ತಡ 90ರ ಹತ್ತಿರ. ಮೊಬೈಲಿನ ಮೀಟರ್ ನೋಡಿ ಸದ್ದು ಕಡಿಮೆಯೇ ಇದೆ ಎಂದು ವಾದಿಸುವುದು ಈ ಕಾರಣಕ್ಕೇ ನ್ಯಾಯವಲ್ಲ. ಬೇಕಾದರೆ ಗಾಡಿ ನಿಲ್ಲಿಸಿ, ಹಾಡು ಬಿಟ್ಟು, ಬಾಗಿಲು ಮುಚ್ಚಿ ಇಪ್ಪತ್ತು ಹೆಜ್ಜೆ ದೂರ ನಿಂತು ಕೇಳಿ. ಅಲ್ಲಿಗೂ ಬೇಸ್ ಬರುತ್ತಿದ್ದರೆ, ಬರದ ಮಟ್ಟಕ್ಕೆ ನಾಬ್ ಇಳಿಸಿ, ಆ ಜಾಗಕ್ಕೆ ಒಂದು ಚುಕ್ಕಿ ಬಣ್ಣ ಹಚ್ಚಿಡಿ. ಊರ ಅಂಚಿಗೆ ಬಂದೊಡನೆ ಗುಂಡಿ ಆ ಚುಕ್ಕಿಗೆ ಬರಬೇಕು.

ನಾಬ್ ತೊಂದರೆ ಕೊಟ್ಟಾಗ

ತಿರುಗಿಸುವಾಗ ಕರ್ರ್ ಎಂದರೆ ಇಂಗಾಲದ ಪಟ್ಟಿಯ ಮೇಲೆ ಧೂಳು ಕೂತಿದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಂಪಡಿಸಿ ಗುಂಡಿಯನ್ನು ಹತ್ತಾರು ಬಾರಿ ಅತ್ತಿತ್ತ ತಿರುಗಿಸಿದರೆ ಬಹುತೇಕ ಸರಿಹೋಗುತ್ತದೆ. ಎಂಜಿನ್ ವೇಗದ ಜೊತೆ ಏರುವ ಕುಂಯ್ ಸದ್ದು ಬಂದರೆ ನಾಬನ್ನು ಬೈಯುವ ಮೊದಲು ಆಂಪ್‌ನ ಅರ್ಥ್ ತಂತಿ ನೋಡಿ. ಅದು ಗಿಡ್ಡಗಿದ್ದು, ಬಣ್ಣ ಕೆರೆದ ಬರಿ ಲೋಹಕ್ಕೆ ಬಿಗಿಯಾಗಿರಬೇಕು. ವೂಫರ್ ಪೂರ್ತಿ ಮೌನವಾದರೆ ನಾಬಿನ ಪಿನ್ ತೆಗೆದು ಪರೀಕ್ಷಿಸಬಹುದು. ಆದರೆ ಹಲವು ಆಂಪ್‌ಗಳು ನಾಬ್ ಕಳಚಿದೊಡನೆ ಗರಿಷ್ಠ ಮಟ್ಟಕ್ಕೆ ಹೋಗುತ್ತವೆ. ಸ್ಟೀರಿಯೊದ ವಾಲ್ಯೂಮನ್ನು ಸೊನ್ನೆಗೆ ಇಳಿಸಿ, ಆಮೇಲೆ ಪಿನ್ನಿಗೆ ಕೈ ಹಾಕಿ.