ಬತ್ತಿ ನೀರುಣಿಕೆಯಲ್ಲಿ ಕಡ್ಡಿಗೆ ಬೇರು ಬರಿಸುವುದು

ತಾಯಿಗಿಡದಿಂದ ಕತ್ತರಿಸಿ ತಂದ ಕಡ್ಡಿಗೆ, ಅದು ಬೇರು ಬಿಡುವವರೆಗೂ, ಕೆಳಗಿನ ಪಾತ್ರೆಯಿಂದ ಬತ್ತಿಯ ಮೂಲಕ ನೀರು ತಾನಾಗಿ ಏರಿ ಬರುವಂತೆ ಮಾಡುವ ಮನೆಮಟ್ಟದ ವಿಧಾನ. ಇದಕ್ಕೆ ಬೇಕಾದದ್ದು ಒಂದು ಖಾಲಿ ನೀರಿನ ಬಾಟಲಿ, ಗೇಣುದ್ದದ ಬಟ್ಟೆಯ ಬತ್ತಿ, ಎರಡು ಹಿಡಿ ತೆಂಗಿನ ನಾರಿನ ಪುಡಿ. ಹಣತೆಯ ಎಣ್ಣೆ ಯಾವ ಬಲದಿಂದ ಬತ್ತಿಯ ತುದಿಗೆ ಏರುತ್ತದೆಯೋ ಅದೇ ಬಲದಿಂದ ಇಲ್ಲಿ ನೀರು ಏರುತ್ತದೆ. ದಾಸವಾಳ, ಮಲ್ಲಿಗೆ, ಗುಲಾಬಿ, ಕ್ರೋಟನ್, ದೊಡ್ಡಪತ್ರೆ ಮೊದಲಾದ, ಕಡ್ಡಿಯಿಂದ ಬರುವ ಹೆಚ್ಚಿನ ಗಿಡಗಳಿಗೆ ಇದು ಒಗ್ಗುತ್ತದೆ.

ಕಡ್ಡಿ ಏಕೆ ಸಾಯುತ್ತದೆ

ನೆಟ್ಟ ಕಡ್ಡಿ ಸಾಯುವುದು ಒಣಗಿ, ಇಲ್ಲವೆ ಕೊಳೆತು. ಬೇರಿಲ್ಲದಿದ್ದರೂ ಎಲೆಗಳು ಪತ್ರರಂಧ್ರಗಳ ಮೂಲಕ ನೀರನ್ನು ಆವಿಯಾಗಿ ಬಿಡುತ್ತಲೇ ಇರುತ್ತವೆ; ಕತ್ತರಿಸಿದ ಬುಡ ಹೀರುವ ಅಷ್ಟಿಷ್ಟು ನೀರೇ ಅದಕ್ಕೆ ಆಧಾರ. ಕುಂಡ ಒಂದು ಮಧ್ಯಾಹ್ನ ಒಣಗಿದರೂ ಎರಡು ವಾರ ಪಟ್ಟ ಶ್ರಮ ಹಾಳು. ಅದಕ್ಕೆ ಹೆದರಿ ದಿನಕ್ಕೆ ಮೂರು ಸಲ ನೀರು ಹೊಯ್ದರೆ ಬುಡ ಕಪ್ಪಾಗಿ ಮೆತ್ತಗಾಗುತ್ತದೆ. ಬೇರು ಹುಟ್ಟುವ ಜಾಗದಲ್ಲಿ ಜೀವಕೋಶಗಳು ಬಿಡುವಿಲ್ಲದೆ ಒಡೆದು ಹೆಚ್ಚುತ್ತಿರುತ್ತವೆ, ಅವುಗಳಿಗೆ ಉಸಿರು ಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗಿ ನಿಲ್ಲುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ. ಒಂದು ಲೀಟರ್ ಗಾಳಿಯಲ್ಲಿ ಇರುವುದು ಸುಮಾರು 270 ಮಿಲಿಗ್ರಾಂ. ಅಲ್ಲದೆ ನೀರಿನೊಳಗೆ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಲೋಟದ ನೀರಿನಲ್ಲಿ ನಿಲ್ಲಿಸಿದ ಕಡ್ಡಿಗೂ ಎಷ್ಟೋ ಸಲ ಬೇರು ಬರುತ್ತದೆ, ನಿಜ. ಆದರೆ ನೀರಿನಲ್ಲಿ ಹುಟ್ಟಿದ ಬೇರು ಬಲು ಪೆಳಸು. ಮಣ್ಣಿಗೆ ಸಾಗಿಸುವಾಗ ಮುರಿಯುತ್ತದೆ, ಮುರಿಯದಿದ್ದರೂ ಮಣ್ಣಿಗೆ ಹೊಂದಿಕೊಳ್ಳಲು ತಡಮಾಡುತ್ತದೆ.

ಹಾಗಾಗಿ ಕಡ್ಡಿಯ ಬುಡ ಸದಾ ತೇವವಾಗಿರಬೇಕು, ಎಂದೂ ನೀರಿನಲ್ಲಿ ನಿಂತಿರಬಾರದು. ಇಷ್ಟು ನವಿರಾದ ಹದವನ್ನು ಮೂರು–ನಾಲ್ಕು ವಾರ ಕೈಯಿಂದ ಕಾಯುವುದು ಕೆಲಸಕ್ಕೆ ಹೋಗುವವರಿಗೆ ಆಗದ ಮಾತು. ಬತ್ತಿಗೆ ಅದು ಸುಲಭ: ಮೇಲೆ ಎಷ್ಟು ಆರುತ್ತದೆಯೋ ಅಷ್ಟನ್ನೇ ಅದು ಕೆಳಗಿನಿಂದ ಎಳೆದು ಕೊಡುತ್ತದೆ.

ಬೇರು ಹುಟ್ಟುವ ಬಗೆ

ಕಾಂಡದಿಂದ ಹುಟ್ಟುವ ಬೇರಿಗೆ ಆಗಂತುಕ ಬೇರು ಎಂದು ಹೆಸರು. ತೊಗಟೆಗೂ ಒಳಗಿನ ಕಟ್ಟಿಗೆಗೂ ನಡುವೆ ಇರುವ ಕ್ಯಾಂಬಿಯಂ ಪದರದ ಆಸುಪಾಸಿನಲ್ಲಿ, ಹೆಚ್ಚಾಗಿ ಗಿಣ್ಣಿನ ಹತ್ತಿರ, ಇದರ ಮೊಳಕೆ ಮೂಡುತ್ತದೆ. ಕುಡಿಯಲ್ಲೂ ಎಳೆ ಎಲೆಯಲ್ಲೂ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕೆಳಮುಖವಾಗಿ ಹರಿದು, ಕತ್ತರಿಸಿದ ಬುಡದಲ್ಲಿ ಶೇಖರವಾಗುವುದೇ ಇದಕ್ಕೆ ಪ್ರೇರಣೆ. ಕಡ್ಡಿಯನ್ನು ತಲೆಕೆಳಗು ನೆಟ್ಟರೆ ಸಾಮಾನ್ಯವಾಗಿ ಬಾರದಿರುವುದೂ ಇದರಿಂದಲೇ. ಬುಡವನ್ನು ಓರೆಯಾಗಿ, ತುದಿಯನ್ನು ನೇರವಾಗಿ ಕತ್ತರಿಸುವ ತೋಟಗಾರರ ರೂಢಿ ಈ ಗೊಂದಲವನ್ನು ತಪ್ಪಿಸುತ್ತದೆ.

ಆಕ್ಸಿನ್ ಇರುವುದನ್ನು ಓಟ್ಸ್ ಮೊಳಕೆಗಳ ಮೇಲಿನ ಪ್ರಯೋಗದಿಂದ 1928ರಲ್ಲಿ ತೋರಿಸಿದವರು ನೆದರ್ಲೆಂಡ್ಸ್‌ನ ಫ್ರಿಟ್ಸ್ ವೆಂಟ್. 1935ರಲ್ಲಿ ಅಮೆರಿಕದ ಬಾಯ್ಸ್ ಥಾಂಪ್ಸನ್ ಸಂಸ್ಥೆಯ ಜಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್, ಇಂಡೋಲ್ ಬ್ಯುಟಿರಿಕ್ ಆಮ್ಲ ಕಡ್ಡಿಗೆ ಬೇರು ಬರಿಸುತ್ತದೆಂದು ಪ್ರಕಟಿಸಿದರು. ಇಂದು ಗೊಬ್ಬರದಂಗಡಿಯಲ್ಲಿ ಸಿಗುವ ಬೇರಿನ ಪುಡಿಯ ಮುಖ್ಯ ಅಂಶ ಬಹುಮಟ್ಟಿಗೆ ಇದೇ. ಚಿಟಿಕೆಯಷ್ಟನ್ನು ಬುಡಕ್ಕೆ ಸವರಿದರೆ ಸಾಕು. ಹೆಚ್ಚಾದರೆ ಬೇರು ಬರುವ ಬದಲು ಬುಡ ಸುಡುತ್ತದೆ. ಇದರ ಬದಲಿಗೆ ಎಳನೀರಿನಲ್ಲಿ ಅದ್ದಿ ಎನ್ನುವ ಸಲಹೆ ಚಾಲ್ತಿಯಲ್ಲಿದೆ, ಅದನ್ನು ಒಪ್ಪುವಂತಿಲ್ಲ. ಎಳನೀರಿನಲ್ಲಿ ಸೈಟೊಕೈನಿನ್ ಎಂಬ ಹಾರ್ಮೋನು ಇದೆ. ಅಂಗಾಂಶ ಕೃಷಿಯಲ್ಲಿ ಅದಕ್ಕೆ ಬೆಲೆ ಇರುವುದು ನಿಜ, ಆದರೆ ಅದರ ಒಲವು ಚಿಗುರಿನ ಕಡೆಗೆ, ಬೇರಿನ ಕಡೆಗಲ್ಲ. ದಾಸವಾಳ, ದೊಡ್ಡಪತ್ರೆಗಳಿಗಂತೂ ಪುಡಿಯೂ ಬೇಡ, ಎಳನೀರೂ ಬೇಡ.

ಬತ್ತಿ

ಈ ವ್ಯವಸ್ಥೆಯ ಜೀವ ಬತ್ತಿಯಲ್ಲಿದೆ, ಹೆಚ್ಚಿನವರು ಸೋಲುವುದೂ ಇಲ್ಲಿಯೇ. ಕಿರಿದಾದ ಸಂದುಗಳಲ್ಲಿ ನೀರು ಮೇಲೇರುವ ಗುಣಕ್ಕೆ ಲೋಮನಾಳ ಕ್ರಿಯೆ ಎನ್ನುತ್ತಾರೆ. 18ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಜೇಮ್ಸ್ ಜುರಿನ್ ಕಂಡುಕೊಂಡ ನಿಯಮದಂತೆ ಕೊಳವೆ ಕಿರಿದಾದಷ್ಟೂ ನೀರು ಏರುವ ಎತ್ತರ ಹೆಚ್ಚು: ತ್ರಿಜ್ಯ 1 ಮಿಲಿಮೀಟರ್ ಇದ್ದರೆ ಸುಮಾರು 1.5 ಸೆಂಟಿಮೀಟರ್, 0.1 ಮಿಲಿಮೀಟರ್ ಇದ್ದರೆ ಸುಮಾರು 15 ಸೆಂಟಿಮೀಟರ್. ಎಳೆಗಳು ಒತ್ತೊತ್ತಾಗಿರುವ ಹುರಿಯಲ್ಲಿ ಇಂಥ ಸಂದುಗಳು ನೂರಾರು ಇರುತ್ತವೆ.

ದೇವರ ದೀಪಕ್ಕೆ ಹೊಸೆಯುವ ಹತ್ತಿಬತ್ತಿ ಇಲ್ಲಿಗೆ ಸರಿಹೋದೀತೆಂದು ತೋರುತ್ತದೆ, ಹೋಗದು. ಕಾರಣ ತಿಳಿಯಬೇಕಾದರೆ ಎರಡು ಲೋಟ ನೀರು ತೆಗೆದುಕೊಂಡು, ಒಂದರಲ್ಲಿ ಬತ್ತಿ ಹೊಸೆಯುವ ಹತ್ತಿಯನ್ನೂ ಇನ್ನೊಂದರಲ್ಲಿ ಔಷಧಿ ಅಂಗಡಿಯ ಹತ್ತಿಯನ್ನೂ ಮೆಲ್ಲನೆ ಬಿಡಬೇಕು. ಔಷಧಿ ಅಂಗಡಿಯದು ಕ್ಷಣಗಳಲ್ಲಿ ನೀರು ಕುಡಿದು ಮುಳುಗುತ್ತದೆ; ಮೊದಲನೆಯದು ಬಹಳ ಹೊತ್ತು ಒಣಗಿದಂತೆಯೇ ತೇಲುತ್ತಿರುತ್ತದೆ. ಹಸಿ ಹತ್ತಿಯ ಎಳೆಗೆ ಹುಟ್ಟಿನಿಂದಲೇ ಮೇಣದ ತೆಳು ಲೇಪವಿದೆ. ಆ ಮೇಣಕ್ಕೆ ಎಣ್ಣೆ ಒಗ್ಗುತ್ತದೆ, ನೀರು ಒಗ್ಗುವುದಿಲ್ಲ. ಹೊಸ ಕೋರಾ ಬಟ್ಟೆಯಲ್ಲಿ ಇದರ ಜೊತೆಗೆ ಗಂಜಿಯೂ ಇರುತ್ತದೆ. ಚಮಚ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಚೆನ್ನಾಗಿ ಜಾಲಾಡಿದರೆ ಇವೆರಡೂ ಹೋಗುತ್ತವೆ. ಅದಕ್ಕಿಂತ ಸುಲಭವೆಂದರೆ ಹತ್ತಾರು ಸಲ ಒಗೆದು ಮೆತ್ತಗಾದ ಪಂಚೆ ಅಥವಾ ಬನಿಯನ್ನಿನ ಪಟ್ಟಿ. ಹಳೆಯ ಸಾಮಾನಿನಂಗಡಿಗಳಲ್ಲಿ ಈಗಲೂ ಅಲ್ಲಲ್ಲಿ ಸಿಗುವ ಸೀಮೆಎಣ್ಣೆ ಸ್ಟೌವಿನ ಬತ್ತಿಯೂ ಒಳ್ಳೆಯದು, ಆದರೆ ಅದು ಎಣ್ಣೆ ಸೋಕದ ಹೊಸದಾಗಿರಬೇಕು. ಹತ್ತಿ ಒಂದೆರಡು ತಿಂಗಳಲ್ಲಿ ಮಣ್ಣಿನಲ್ಲಿ ಕೊಳೆಯುತ್ತದೆ. ಬೇರು ಬರಲು ಅಷ್ಟು ಕಾಲ ಸಾಕು. ಹೆಚ್ಚು ದಿನ ಬೇಕಾಗುವ ಗಿಡಕ್ಕೆ ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್ ಎಳೆಗಳ ಹುರಿ ಬಾಳುತ್ತದೆ. ಯಾವುದೇ ಬತ್ತಿಯನ್ನು ಬಳಸುವ ಮುಂಚೆ ಒಂದು ತುದಿಯನ್ನು ನೀರಿನಲ್ಲಿಳಿಸಿ, ಇನ್ನೊಂದು ತುದಿಯನ್ನು ಲೋಟದ ಅಂಚಿನಾಚೆ ಒಣ ಕಾಗದಕ್ಕೆ ತಾಗಿಸಿಡಬೇಕು. ಕೆಲವೇ ನಿಮಿಷಗಳಲ್ಲಿ ಕಾಗದ ಒದ್ದೆಯಾಗದಿದ್ದರೆ ಆ ಬತ್ತಿಯನ್ನು ನಂಬಬಾರದು.

ಕಟ್ಟುವ ಕ್ರಮ

ಎರಡು ಲೀಟರಿನ ಬಾಟಲಿಯನ್ನು ಭುಜದ ಕೆಳಗೆ ಅಡ್ಡಲಾಗಿ ಕತ್ತರಿಸಬೇಕು. ಕಾಯಿಸಿದ ಮೊಳೆಯಿಂದ ಮುಚ್ಚಳಕ್ಕೆ ತೂತು ಮಾಡಿ ಬತ್ತಿಯನ್ನು ಬಿಗಿಯಾಗಿ ತೂರಿಸಿ, ಮೇಲ್ಭಾಗವನ್ನು ತಲೆಕೆಳಗಾಗಿ ಕೆಳಭಾಗದೊಳಗೆ ಕೂರಿಸಿದರೆ ಮೇಲೆ ಕುಂಡ, ಕೆಳಗೆ ನೀರಿನ ತೊಟ್ಟಿ. ಬತ್ತಿಯ ಕೆಳತುದಿ ತಳ ಮುಟ್ಟಬೇಕು, ಮೇಲಿನ ಅರ್ಧವನ್ನು ಎಳೆ ಬಿಡಿಸಿ ಹರಡಬೇಕು. ಮಾಧ್ಯಮಕ್ಕೆ ಎರಡು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ತೊಳೆದ ದಪ್ಪ ಮರಳು ಅಥವಾ ಪರ್ಲೈಟ್. ಇಟ್ಟಿಗೆಯಾಕಾರದಲ್ಲಿ ಬರುವ ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುವುದುಂಟು. ನೆನೆಸಿ, ಎರಡು ಮೂರು ನೀರಿನಲ್ಲಿ ಹಿಂಡಿ ತೆಗೆಯಬೇಕು. ಬರೀ ಕೆಂಪುಮಣ್ಣು ಗಟ್ಟಿಯಾಗಿ ಗಾಳಿಯನ್ನು ತಡೆಯುತ್ತದೆ. ಗೊಬ್ಬರ ಬೇಡವೇ ಬೇಡ. ಇಲ್ಲದ ಬೇರಿಗೆ ಉಣಿಸಲಾಗುವುದಿಲ್ಲ, ಕೊಳೆಸುವ ಶಿಲೀಂಧ್ರಕ್ಕೆ ಮಾತ್ರ ಉಣಿಸಿದಂತಾಗುತ್ತದೆ.

ಮೊದಲ ದಿನ ಮೇಲಿನಿಂದಲೇ ನೀರು ಹೊಯ್ದು ಬತ್ತಿಯನ್ನೂ ಮಾಧ್ಯಮವನ್ನೂ ಪೂರ್ತಿ ತೋಯಿಸಬೇಕು. ಒಣ ಬತ್ತಿ ಒಣ ಪುಡಿಗೆ ನೀರು ದಾಟಿಸುವುದಿಲ್ಲ. ತೊಟ್ಟಿಯ ನೀರಿನ ಮಟ್ಟಕ್ಕೂ ಮುಚ್ಚಳಕ್ಕೂ ಮೂರು ನಾಲ್ಕು ಬೆರಳಿನ ಅಂತರ ಇರಲಿ. ಬಾಟಲಿಯ ಹೊರಗೆ ಕಾಗದ ಸುತ್ತಿದರೆ ಬೆಳಕು ತಾಗದೆ ಪಾಚಿ ಕಟ್ಟುವುದಿಲ್ಲ. ಎರಡು ಭಾಗಗಳ ನಡುವಿನ ಸಂದನ್ನು ಬಟ್ಟೆ ತುರುಕಿಯೋ ಟೇಪು ಸುತ್ತಿಯೋ ಮುಚ್ಚುವುದನ್ನು ಯಾರೂ ಮರೆಯಬಾರದು. ಡೆಂಗಿ ಹರಡುವ ಏಡಿಸ್ ಸೊಳ್ಳೆ ಇಂಥ ನಿಂತ ಶುದ್ಧ ನೀರನ್ನೇ ಹುಡುಕುತ್ತದೆ, ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಒಂದು ವಾರ, ಹತ್ತು ದಿನ ಸಾಕು. ತೆರೆದ ತೊಟ್ಟಿಗಳ ಸಾಲನ್ನು ಬಾಲ್ಕನಿಯಲ್ಲಿ ಇಡುವುದಕ್ಕಿಂತ ಕಡ್ಡಿ ನೆಡದಿರುವುದೇ ಲೇಸು.

ಕಡ್ಡಿ ಪೆನ್ಸಿಲ್ ಗಾತ್ರದ್ದು, ಒಂದು ಗೇಣು ಉದ್ದದ್ದು, ಮೂರು ನಾಲ್ಕು ಗಿಣ್ಣುಗಳದ್ದು ಇರಲಿ. ಬೆಳಗಿನ ತಂಪಿನಲ್ಲಿ, ರೋಗವಿಲ್ಲದ ಗಿಡದಿಂದ, ಹೂವಿಲ್ಲದ ರೆಂಬೆಯನ್ನು ಆರಿಸಿ ಗಿಣ್ಣಿನ ಕೆಳಗೆ ಕತ್ತರಿಸಬೇಕು. ತುದಿಯ ಎರಡು ಎಲೆ ಉಳಿಸಿ ಮಿಕ್ಕದ್ದನ್ನು ಚಿವುಟಬೇಕು. ಎಲೆ ದೊಡ್ಡದಾದರೆ ಅರ್ಧಕ್ಕೆ ಕತ್ತರಿಸಬೇಕು. ಎರಡು ಗಿಣ್ಣು ಮುಳುಗುವಷ್ಟು ನೆಟ್ಟು, ಮೇಲೆ ಪಾರದರ್ಶಕ ಕವರನ್ನು ಸಡಿಲವಾಗಿ ಕವುಚಿ, ಬೆಳಕಿರುವ ನೆರಳಿನಲ್ಲಿಡಬೇಕು. ನೇರ ಬಿಸಿಲಿಗಿಟ್ಟರೆ ಕವರಿನೊಳಗೆ ಕಡ್ಡಿ ಬೇಯುತ್ತದೆ.

ಕಾಲ, ಮಿತಿಗಳು

ದೊಡ್ಡಪತ್ರೆಗೆ ಒಂದೆರಡು ವಾರ, ದಾಸವಾಳಕ್ಕೆ ಮೂರರಿಂದ ಐದು ವಾರ, ಮಲ್ಲಿಗೆ ಗುಲಾಬಿಗಳಿಗೆ ನಾಲ್ಕರಿಂದ ಆರು ವಾರ, ಕಾಗದದ ಹೂವಿಗೆ ಇನ್ನೂ ಹೆಚ್ಚು ಬೇಕಾಗಬಹುದು. ಕರ್ನಾಟಕದ ಒಳನಾಡಿನಲ್ಲಿ ಮುಂಗಾರಿನ ತಿಂಗಳುಗಳು ಇದಕ್ಕೆ ಹೇಳಿಮಾಡಿಸಿದ ಕಾಲ. ಮಲೆನಾಡು ಕರಾವಳಿಗಳ ಜಡಿಮಳೆಯಲ್ಲಿ ಕವರನ್ನು ದಿನಕ್ಕೊಮ್ಮೆ ತೆಗೆದು ಗಾಳಿಯಾಡಿಸದಿದ್ದರೆ ಬೂಸ್ಟು ಹಿಡಿಯುತ್ತದೆ. ಕೊಳವೆಬಾವಿಯ ಗಡಸು ನೀರಾದರೆ ಇನ್ನೊಂದು ತೊಡಕಿದೆ: ಬತ್ತಿಯಲ್ಲಿ ನೀರಿನ ಹರಿವು ಮೇಲ್ಮುಖ ಮಾತ್ರ, ನೀರು ಆರಿ ಹೋದ ಮೇಲೆ ಲವಣ ಮೇಲ್ಪದರದಲ್ಲಿ ಬಿಳಿ ಹೊಪ್ಪಳೆಯಾಗಿ ಉಳಿಯುತ್ತದೆ. ಎರಡು ಮೂರು ವಾರಕ್ಕೊಮ್ಮೆ ಮೇಲಿನಿಂದ ಮಳೆನೀರು ಹೊಯ್ದು ತೊಳೆದು, ಕೆಳಗಿಳಿದದ್ದನ್ನು ಚೆಲ್ಲಬೇಕು.

ಕಳ್ಳಿ, ದೇವಕಣಗಿಲೆ ಮುಂತಾದ ರಸಭರಿತ ಕಾಂಡಗಳಿಗೆ ಈ ವಿಧಾನ ಸಲ್ಲದು. ಅವುಗಳ ಗಾಯ ಮೊದಲು ಕೆಲವು ದಿನ ನೆರಳಿನಲ್ಲಿ ಆರಬೇಕು. ನಿರಂತರ ತೇವದಲ್ಲಿ ಅವು ಕೊಳೆಯುತ್ತವೆ. ಮಾವಿನ ಕಡ್ಡಿ ಬೇರು ಬಿಡುವುದು ಬಹಳ ಕಷ್ಟ, ಅದಕ್ಕೆ ಕಸಿಯೇ ದಾರಿ. ತೆಂಗು ಅಡಿಕೆಗಳಲ್ಲಿ ಕಡ್ಡಿಯೆಂಬುದೇ ಇಲ್ಲ.

ಬತ್ತಿ ನೀರುಣಿಕೆ ಕಡ್ಡಿಗಳಿಗಷ್ಟೇ ಮೀಸಲಲ್ಲ. ಕೇರಳದ ಕೋಯಿಕ್ಕೋಡಿನ ಜಲಸಂಪನ್ಮೂಲ ಅಭಿವೃದ್ಧಿ ಮತ್ತು ನಿರ್ವಹಣಾ ಕೇಂದ್ರ ಇದನ್ನು ತಾರಸಿ ತರಕಾರಿಗೆ ಒಗ್ಗಿಸಿದೆ. ಅಲ್ಲಿ ಇದರ ಹೆಸರು ‘ತಿರಿನನ’. ತಿರಿ ಎಂದರೆ ಬತ್ತಿ. ನನ ಎಂಬುದು ನಮ್ಮ ‘ನೆನೆ’ಯ ಒಡಹುಟ್ಟು.

ಬೇರು ಬಂದದ್ದನ್ನು ತಿಳಿಯಲು ಕಡ್ಡಿಯನ್ನು ಕಿತ್ತು ನೋಡಬೇಕಿಲ್ಲ. ಚಿಗುರನ್ನು ನಂಬುವುದೂ ಬೇಡ, ಕಾಂಡದ ಸಂಗ್ರಹದಿಂದಲೇ ಎಷ್ಟೋ ಕಡ್ಡಿ ಚಿಗುರಿ ಆಮೇಲೆ ಬಾಡುತ್ತವೆ. ಎರಡು ಬೆರಳಿನಿಂದ ಮೆಲ್ಲಗೆ ಎಳೆದಾಗ ಕಡ್ಡಿ ಹಿಡಿದುಕೊಂಡರೆ ಒಳ್ಳೆಯ ಲಕ್ಷಣ. ಬಾಟಲಿಯ ಗೋಡೆಗೆ ಒತ್ತಿದ ಬಿಳಿ ಎಳೆಗಳು ಕಂಡರೆ ಸಂಶಯವಿಲ್ಲ. ಬೇರು ಎರಡು ಮೂರು ಸೆಂಟಿಮೀಟರ್ ಬೆಳೆದ ಮೇಲೆ ಒಂದು ವಾರದುದ್ದಕ್ಕೂ ಕವರನ್ನು ದಿನದಿನಕ್ಕೆ ಹೆಚ್ಚು ಹೊತ್ತು ತೆಗೆದಿಟ್ಟು ಹೊರಗಾಳಿಗೆ ಹದಗೊಳಿಸಬೇಕು. ಕುಂಡಕ್ಕೆ ಸಾಗಿಸುವಾಗ ಬತ್ತಿಯನ್ನು ಎಳೆಯಕೂಡದು, ಬೇರು ಅದರ ಎಳೆಗಳ ನಡುವೆಯೇ ಹೆಣೆದುಕೊಂಡಿರುತ್ತದೆ. ಮುಚ್ಚಳದ ಬಳಿ ಕತ್ತರಿಸಿ, ಉಳಿದ ತುಂಡನ್ನು ಗಿಡದ ಜೊತೆಗೇ ಮಣ್ಣಿಗೆ ಸೇರಿಸಬೇಕು. ಹತ್ತಿಯದಾದರೆ ಅದು ಅಲ್ಲಿಯೇ ಕರಗಿಹೋಗುತ್ತದೆ.